ಗೋಂದಕ್ಕ ಓದಿದ ಮೊದಲ ಕಾದಂಬರಿ

ಇಪ್ಪತ್ತಾರು ವರ್ಷ ಪುಸ್ತಕಗಳ ನಡುವೆಯೇ ಕೂತು ಒಂದನ್ನೂ ಓದದೆ ಇರುವುದು ಸಾಮಾನ್ಯರ ಕೈಲಾಗುವ ಮಾತಲ್ಲ. ಆ ಸಾಧನೆ ಲೈಬ್ರರಿಯ ಗೋಂದಕ್ಕನದು. ಹಿಂಬದಿಯ ರಿಪೇರಿ ಕೋಣೆಯಲ್ಲಿ ಕೂತು ಬೆನ್ನು ಮುರಿದ, ಹೊಲಿಗೆ ಬಿಟ್ಟ, ಇಲಿ ಕಡಿದ ಪುಸ್ತಕಗಳಿಗೆ ಹೊಸ ರಟ್ಟು ಹಾಕುವುದು ಅವಳ ಕೆಲಸ. ಬೆರಳ ತುದಿಯಲ್ಲಿ ಸದಾ ಗೋಂದು ಒಣಗಿರುತ್ತಿದ್ದುದರಿಂದ ಆ ಹೆಸರು ಬಂತು. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಷ್ಟೇ ಉಳಿದಿತ್ತು. ಓದು ಬಾರದವಳಲ್ಲ. ಪುಟದ ಅಂಕಿ ನೋಡುತ್ತಿದ್ದಳು, ಸಾಲು ನೋಡುತ್ತಿರಲಿಲ್ಲ, ಅಷ್ಟೆ. ಯಾರಾದರೂ ಕೆಣಕಿದರೆ, ದರ್ಜಿ ತಾನು ಹೊಲಿದ ಅಂಗಿಯನ್ನೆಲ್ಲ ತೊಟ್ಟು ನೋಡುತ್ತಾನೇನು ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು.

ಅಂಥವಳ ಮೇಜಿನ ಮೇಲೆ ಒಂದು ಗುರುವಾರ ಬೆಳಗ್ಗೆ ಆ ಕಾದಂಬರಿ ಬಂದು ಬಿತ್ತು. ನಾನೂರು ಚಿಲ್ಲರೆ ಪುಟ. ಠಾಣೆಯ ಪೇದೆಯಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಪೊಲೀಸರೆಲ್ಲ ಕೈ ಕೊಳಕು ಮಾಡಿಕೊಂಡ ಕಥೆ. ಮತ್ತೆ ಅಚ್ಚಾಗಿರಲಿಲ್ಲ, ಊರಿಗೆಲ್ಲ ಇದೊಂದೇ ಪ್ರತಿ, ಕಾದು ಕೂತವರ ಪಟ್ಟಿಯಲ್ಲಿ ನಲವತ್ತೊಂದು ಹೆಸರು. ಸೋಮವಾರಕ್ಕೆ ಬೇಕು ಎಂದರು ಲೈಬ್ರೇರಿಯನ್ ಸಾಹೇಬರು. ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತೂ ಹೇಳಿದರು: ಮೇಲಿನವರು ರಿಪೇರಿ ಕೆಲಸವನ್ನು ಹೊರಗಿನವರಿಗೆ ಕೊಟ್ಟು ಈ ಕೋಣೆಗೆ ಕಂಪ್ಯೂಟರ್ ತರಬೇಕೆಂದಿದ್ದಾರೆ, ಈ ಪುಸ್ತಕ ಚೆನ್ನಾಗಿ ಬಂದರೆ ತಾವು ಅವಳ ಪರ ಮಾತಾಡಬಹುದು, ಕೆಟ್ಟರೆ ತಮ್ಮ ಕೈಲಿ ಏನೂ ಇಲ್ಲ. ಆ ಕೋಣೆ ಬಿಟ್ಟರೆ ಗೋಂದಕ್ಕನಿಗೆ ಬೇರೆ ಲೋಕ ಗೊತ್ತಿರಲಿಲ್ಲ.

ಭಯಕ್ಕೆ ಅವಸರ ಸೇರಿದರೆ ಕೇಳಬೇಕೆ? ಮೊದಲು ಹೊಲಿ, ಆಮೇಲೆ ಕೊಯ್ಯಿ ಎಂದು ಅವಳಿಗೆ ಕೆಲಸ ಕಲಿಸಿದ ಮಾವ ಸಾಯುವವರೆಗೂ ಜಪಿಸುತ್ತಿದ್ದರು. ಹಾಳೆಗಳನ್ನು ಹೊಲಿದು ಭದ್ರ ಮಾಡಿದ ಮೇಲೆಯೇ ಅಂಚು ಕತ್ತರಿಸಬೇಕು. ಕಟಿಂಗ್ ಮಷೀನು ಇರುವುದು ಪಕ್ಕದ ಕೋಣೆಯಲ್ಲಿ, ಎರಡು ಸಲ ಯಾಕೆ ಓಡಾಡುವುದು ಎಂದು ಗೋಂದಕ್ಕ ಹಳೆಯ ಬೆನ್ನನ್ನೂ ಮೂರು ಅಂಚನ್ನೂ ಒಂದೇ ಸಲಕ್ಕೆ ಕೊಯ್ದುಬಿಟ್ಟಳು. ಪುಸ್ತಕ ಹಿಂದೊಮ್ಮೆ ರಿಪೇರಿಯಾಗಿ ಆಗಲೇ ಅಂಚು ಕಳೆದುಕೊಂಡಿತ್ತು. ಈ ಸಲದ ಅಲಗು ಪುಟದ ಬುಡದಲ್ಲಿದ್ದ ಅಂಕಿಗಳನ್ನೆಲ್ಲ ನುಂಗಿ ನೀರು ಕುಡಿಯಿತು. ಅದನ್ನು ಕಂಡವಳೇ ಕಟ್ಟನ್ನು ಅವಚಿಕೊಂಡು ಕೋಣೆಗೆ ಓಡಿದಳು. ಹೊಸ್ತಿಲು ಎಡವಿದಳು. ಒಳಗೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಇನ್ನೂರಕ್ಕೂ ಮಿಕ್ಕಿದ ಹಾಳೆಗಳು ಶಾಲೆ ಬಿಟ್ಟ ಮಕ್ಕಳ ಹಾಗೆ ಕೋಣೆಯ ತುಂಬ ಓಡಾಡಿದವು.

ಬಾಗಿಲು ಹಾಕಿಕೊಂಡು ಎಲ್ಲವನ್ನೂ ಬಾಚಿ ಗುಡ್ಡೆ ಹಾಕಿದಳು. ಜೋಡಿಸಬೇಕೆಂದರೆ ಅಂಕಿ ಇಲ್ಲ. ಇನ್ನುಳಿದದ್ದು ಒಂದೇ ದಾರಿ, ಅದನ್ನು ಇಪ್ಪತ್ತಾರು ವರ್ಷ ತಪ್ಪಿಸಿಕೊಂಡು ಬಂದಿದ್ದಳು. ಗೋಂದಕ್ಕ ಓದಲು ಕೂತಳು.

ಒಂದು ಹಾಳೆಯ ಬುಡದಲ್ಲಿ ವಾಕ್ಯ ಅರ್ಧಕ್ಕೆ ನಿಂತರೆ ಉಳಿದರ್ಧ ಯಾವುದರ ತಲೆಯಲ್ಲಿದೆ ಎಂದು ಹುಡುಕಬೇಕು. 'ಇನ್ಸ್‌ಪೆಕ್ಟರನ ಬಾಯಿಂದ' ಎಂದು ಒಂದು ಹಾಳೆ ಮುಗಿದಿತ್ತು. 'ರಕ್ತ ಬಂತು' ಎಂದು ಶುರುವಾಗುವುದೂ ಇತ್ತು, 'ಹೊಗೆ ಬಂತು' ಎಂಬುದೂ ಇತ್ತು, 'ಒಂದು ಮಾತೂ ಬರಲಿಲ್ಲ' ಎಂಬುದೂ ಇತ್ತು. ಯಾವುದು ಸರಿ ಎಂದು ತಿಳಿಯಲು ಹಿಂದಿನದನ್ನು ಓದಬೇಕು, ಹಿಂದಿನದು ತಿಳಿಯಲು ಅದರ ಹಿಂದಿನದು. ಸಂಜೆಯ ಹೊತ್ತಿಗೆ ಅವಳು ಹಾಳೆ ಜೋಡಿಸುವುದನ್ನು ಮರೆತು, ಠಾಣೆಯ ಲಾಕಪ್ಪಿನಲ್ಲಿ ಸತ್ತ ಹುಡುಗನ ಚಪ್ಪಲಿ ಎಲ್ಲಿ ಹೋಯಿತು ಎಂದು ಒದ್ದಾಡುತ್ತಿದ್ದಳು. ಎರಡು ಲೋಟ ಟೀ ಮುಟ್ಟದೆ ತಣ್ಣಗಾಗಿದ್ದವು. ಕಥೆ ಎನ್ನುವುದು ಇಷ್ಟು ರುಚಿಯಾಗಿರುತ್ತದೆ ಎಂದು ಇಷ್ಟು ವರ್ಷ ಒಬ್ಬರೂ ತನಗೆ ಹೇಳಲಿಲ್ಲವಲ್ಲ ಎಂದು ಅವಳಿಗೆ ಊರಿನ ಮೇಲೆಯೇ ಸಿಟ್ಟು ಬಂತು.

ಮನೆಗೆ ಹೋಗುವ ದಾರಿಯಲ್ಲಿ ಟ್ರಾಫಿಕ್ ಪೇದೆಯೊಬ್ಬ ಜೇಬಿಗೆ ಕೈ ಹಾಕಿದ. ಗೋಂದಕ್ಕ ಕಂಬದ ಮರೆಯಲ್ಲಿ ನಿಂತು ಕಾದಳು. ಅವನು ಕರ್ಚೀಫು ತೆಗೆದು ಮೂಗು ಒರೆಸಿಕೊಂಡ. ಅವಳಿಗೆ ಅದೂ ನಾಟಕವೆಂದೇ ತೋರಿತು. ಮನೆಯಲ್ಲಿ ಬಸ್ ಕಂಡಕ್ಟರ್ ಗಂಡ ತಡವಾಗಿ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೆ ವಿಚಾರಣೆ ಶುರುವಾಯಿತು.

"ರೀ, ಆರೂವರೆಯಿಂದ ಏಳೂಕಾಲರ ತನಕ ಎಲ್ಲಿದ್ರಿ?"

"ಹಾಲು ತರೋಕೆ ಹೋಗಿದ್ದೆ ಕಣೇ."

"ನೋಡಿದವರು ಯಾರಾದ್ರೂ ಇದ್ದಾರಾ?"

ಹಾಲಿನ ಪ್ಯಾಕೆಟ್ಟನ್ನೇ ಸಾಕ್ಷಿಗೆ ಮುಂದೆ ಹಿಡಿದು ಅವನು ಅಡುಗೆಮನೆಗೆ ನುಸುಳಿದ. ಮತ್ತೆ ಹೊರಗೆ ಬಂದು, ಹೆಂಡತಿಗೆ ಜ್ವರ ಬಂದಿರಬೇಕೆಂದು ಹಣೆ ಮುಟ್ಟಿ ನೋಡಿದ. ಅವಳು ಬಿದ್ದು ಬಿದ್ದು ನಕ್ಕಳು; ಅಷ್ಟು ನಕ್ಕು ಎಷ್ಟು ವರ್ಷವಾಗಿತ್ತೋ.

ಶುಕ್ರವಾರ ಸಂಜೆಯ ಹೊತ್ತಿಗೆ ಹಾಳೆಗಳು ಸೇರಿ ಮೂವತ್ತೆಂಟು ಅಧ್ಯಾಯಗಳ ಮೂವತ್ತೆಂಟು ಕಂತೆಗಳಾದವು. ಅಲ್ಲಿಗೆ ಬಂಡಿ ನಿಂತಿತು. ಪ್ರತಿ ಅಧ್ಯಾಯವೂ ಹೊಸ ಹಾಳೆಯಲ್ಲಿ ಶುರುವಾಗುತ್ತಿತ್ತು, ಹೆಸರಿಲ್ಲ, ಸಂಖ್ಯೆಯಿಲ್ಲ, ಕಥೆಯೋ ಹಿಂದೆ ಮುಂದೆ ಜಿಗಿಯುತ್ತಿತ್ತು. ಇಲ್ಲಿ ಹೆಣವಾದವನು ಅಲ್ಲಿ ಸಿಗರೇಟು ಸೇದುತ್ತಿದ್ದ. ಬರೆದವನ ಕೈಗೆ ತನ್ನ ಗೋಂದಿನ ಬ್ರಷ್ಷಿನಿಂದ ಎರಡು ಬಿಡಬೇಕು ಎನಿಸಿತು ಅವಳಿಗೆ.

ಆಗ ನೆನಪಾದವರು ದಫೇದಾರರು. ಮೂವತ್ತೈದು ವರ್ಷ ಪೊಲೀಸಿನಲ್ಲಿದ್ದು ನಿವೃತ್ತರಾದ, ಎಪ್ಪತ್ತು ದಾಟಿದ ಮುದುಕರು. ಪುಸ್ತಕದ ಬೆನ್ನು ಮುರಿದಾಗ ಅದು ಅವರ ಕೈಯಲ್ಲೇ ಇತ್ತು. ಇನ್ಸ್‌ಪೆಕ್ಟರ್ ಗೋದಾಮಿನ ಬಾಗಿಲು ತೆರೆಯುವಲ್ಲಿಗೆ ಅವರ ಓದು ನಿಂತಿತ್ತು, ಮೂರು ವಾರದಿಂದ ಆ ಬಾಗಿಲು ತೆರೆದೇ ಇತ್ತು, ದಿನಾ ಬಂದು ರಿಪೇರಿ ಆಯಿತೇ ಎಂದು ಕೇಳಿ ಹೋಗುತ್ತಿದ್ದರು. ಶನಿವಾರ ಗೋಂದಕ್ಕ ಅವರನ್ನು ಒಳಗೆಳೆದು ಬಾಗಿಲು ಹಾಕಿ, ಯಾರಿಗೂ ಹೇಳುವುದಿಲ್ಲವೆಂದು ಆಣೆ ಹಾಕಿಸಿಕೊಂಡು ಎಲ್ಲವನ್ನೂ ತೋಡಿಕೊಂಡಳು. ಮುದುಕರ ಕಣ್ಣು ಅರಳಿತು. ಬೈಯಲಿಲ್ಲ, ಕನ್ನಡಕ ಒರೆಸಿಕೊಂಡು, ಶವ ಪತ್ತೆಯಾದ ಜಾಗಕ್ಕೆ ಬಂದವರ ಗತ್ತಿನಲ್ಲಿ ಕಂತೆಗಳ ಸುತ್ತ ಎರಡು ಸುತ್ತು ಹಾಕಿದರು.

ಆ ಶನಿವಾರವೂ ಮರುದಿನದ ರಜಾ ಭಾನುವಾರವೂ ಆ ಕೋಣೆಯಲ್ಲಿ ನಡೆದ ಗಲಾಟೆ ಯಾವ ಠಾಣೆಯಲ್ಲೂ ನಡೆದಿರಲಾರದು. ಮುಕ್ಕಾಲು ಪಾಲು ಕಥೆ ದಫೇದಾರರಿಗೆ ನೆನಪಿತ್ತು. ಉಳಿದದ್ದಕ್ಕೆ ಅನುಭವ ಇತ್ತು. ಪೋಸ್ಟ್‌ಮಾರ್ಟಂ ವರದಿ ಬಾರದೆ ಇವನು ಹೀಗೆ ಬೆವರುವುದಿಲ್ಲ ಎಂದು ಒಂದು ಕಂತೆ ಹಿಂದಕ್ಕೆ ಹೋಗುತ್ತಿತ್ತು. ವರ್ಗಾವಣೆ ಕಾಗದ ಬಂದ ಮೇಲೆಯೇ ಸಾಹೇಬರು ಇಷ್ಟು ಸಿಹಿಯಾಗಿ ಮಾತಾಡುವುದು ಎಂದು ಇನ್ನೊಂದು ಮುಂದಕ್ಕೆ. ಗೋಂದಕ್ಕ ಬಿಟ್ಟುಕೊಡುವವಳಲ್ಲ. ಹಿಂದಿನ ಅಧ್ಯಾಯದಲ್ಲಿ ಹರಿದಿದ್ದ ಅಂಗಿ ಇಲ್ಲಿ ಹೊಲಿದಿದೆ ನೋಡಿ ಎಂದು ಅವಳು ಹಿಡಿದುಕೊಟ್ಟಾಗ ದಫೇದಾರರು ಎದ್ದು ನಿಂತು ಸೆಲ್ಯೂಟ್ ಹೊಡೆದರು. ಊಟದ ಡಬ್ಬಿ ತಂದ ಗಂಡ, ಇಬ್ಬರೂ ನೆಲದ ಮೇಲೆ ಮಂಡಿಯೂರಿ ಕೊಲೆ ಯಾರು ಮಾಡಿದ್ದೆಂದು ಜಗಳವಾಡುವುದನ್ನು ಕಂಡು, ಡಬ್ಬಿ ಕಿಟಕಿಯಲ್ಲಿಟ್ಟು ಸದ್ದಿಲ್ಲದೆ ಹೊರಟುಹೋದ.

ಭಾನುವಾರ ಮಧ್ಯಾಹ್ನ ಮೂವತ್ತೇಳು ಕಂತೆಗಳು ಸಾಲಾದವು. ಉಳಿದದ್ದು ಒಂದೇ, ನಾಲ್ಕೇ ಪುಟದ್ದು. ಅದರಲ್ಲಿ ಲಾಕಪ್ಪಿನ ಪಹರೆಯಲ್ಲಿದ್ದ ಸಣ್ಣ ಪೇದೆ ಇನ್ಸ್‌ಪೆಕ್ಟರನ ಕೈಯಿಂದ ಕವರ್ ತೆಗೆದುಕೊಂಡು, ಠಾಣೆಯ ಡೈರಿಯ ಹಾಳೆ ಹರಿದು ಒಲೆಗೆ ಹಾಕುತ್ತಾನೆ. ಇನ್ನೊಂದು ಅಧ್ಯಾಯದಲ್ಲಿ ಅದೇ ಪೇದೆ ಕೋರ್ಟಿನಲ್ಲಿ ನಿಂತು, ಹುಡುಗನನ್ನು ಕೊಂದದ್ದು ತನ್ನ ಇನ್ಸ್‌ಪೆಕ್ಟರೇ ಎಂದು ಸತ್ಯ ಹೇಳುತ್ತಾನೆ. ಕವರ್ ಮೊದಲೋ, ಕೋರ್ಟ್ ಮೊದಲೋ? ಕೊನೆಯ ಅಧ್ಯಾಯದಲ್ಲಿ ಇನ್ಸ್‌ಪೆಕ್ಟರ್ ಮೇಲಿನ ಕೋರ್ಟಿನ ತೀರ್ಪಿಗೆ ಕಾಯುತ್ತಾ ನಗುತ್ತಾನೆ. ಹುಚ್ಚಿನ ನಗೆಯೋ ಗೆಲ್ಲುವವನ ನಗೆಯೋ ಬರೆದವನು ಹೇಳಿಲ್ಲ.

ಕವರ್ ಮೊದಲು ಎಂದಳು ಗೋಂದಕ್ಕ. ಆಸೆಗೆ ಬಿದ್ದು ತೆಗೆದುಕೊಂಡ, ಆಮೇಲೆ ನಾಚಿಕೆಯಾಗಿ ಕೋರ್ಟಿನಲ್ಲಿ ಸತ್ಯ ಹೇಳಿದ. ದಫೇದಾರರು ತಲೆ ಅಲ್ಲಾಡಿಸಿದರು.

"ಮೊದಲ್ನೇ ಸಲ ತಪ್ಪು ಮಾಡೋನಿಗೆ ಕೈ ನಡುಗುತ್ತಮ್ಮಾ. ಇವನು ಕವರ್ ಬಿಚ್ಚೂ ನೋಡಲ್ಲ. ನಿಜ ಹೇಳಿದ ಮೇಲೆ ಆರು ತಿಂಗಳು ಯಾರೂ ಮಾತಾಡಿಸದೇ ಇದ್ರೆ ಮನುಷ್ಯ ಹೀಗಾಗ್ತಾನೆ. ಸಾಕಾಗಿರುತ್ತೆ."

"ನಿಮಗೆ ಹೇಗೆ ಗೊತ್ತು?"

ಅವರು ಮೇಜಿನ ಮೇಲಿದ್ದ ಕತ್ತರಿಯನ್ನು ಎತ್ತಿ ಪಕ್ಕಕ್ಕಿಟ್ಟರು. "ನನ್ನ ಜೊತೆ ಒಬ್ಬ ಇದ್ದ" ಎಂದರು. ಅವಳು ಆ ನಾಲ್ಕು ಪುಟಗಳನ್ನು ಬೇರೆಯಾಗಿ ಎತ್ತಿಟ್ಟಳು.

ಸೋಮವಾರ ಬೆಳಗ್ಗೆ ಗೋಂದಕ್ಕ ಸೂಜಿ ಹಿಡಿದು ಒಬ್ಬಳೇ ಕೂತಳು. ಆ ನಾಲ್ಕು ಪುಟಗಳನ್ನು ಎಲ್ಲಿ ಸೇರಿಸಿ ಹೊಲಿದರೂ ಕೇಳುವವರಿಲ್ಲ. ಊರಿಗೆ ಒಂದೇ ಪ್ರತಿ, ತಾಳೆ ನೋಡುವವರು ಯಾರು? ಹೊಲಿದು ಕೊಟ್ಟರೆ ಕೋಣೆ ಉಳಿಯುತ್ತದೆ. ಸೂಜಿ ಹಾಳೆಗೆ ತಾಗುವ ಹೊತ್ತಿಗೆ ಅವಳಿಗೆ ಡೈರಿಯ ಹಾಳೆ ಹರಿದ ಪೇದೆ ನೆನಪಾದ. ಥತ್, ಓದಬಾರದಿತ್ತು ಎಂದುಕೊಂಡಳು. ಓದದೆ ಇದ್ದಿದ್ದರೆ ಇಷ್ಟು ಹೊತ್ತಿಗೆ ಹೊಲಿದು ಮುಗಿಸಿರುತ್ತಿದ್ದಳು. ಕಟ್ಟನ್ನೂ ನಾಲ್ಕು ಬಿಡಿ ಪುಟಗಳನ್ನೂ ಎತ್ತಿಕೊಂಡು ಸಾಹೇಬರ ಕೋಣೆಗೆ ಹೋದಳು.

ಅವರು ಮೊದಲು ಬೈದರು, ಆಮೇಲೆ ಓದಿದಿರಾ ಎಂದು ಬೆರಗಾದರು, ಆಮೇಲೆ ತಾವೇ ಕೂತು ಓದತೊಡಗಿದರು. ಮಧ್ಯಾಹ್ನ ಅವಳನ್ನು ಕರೆಸಿದಾಗ ಅವರ ಕೂದಲು ಕೆದರಿತ್ತು. ಕಾದಂಬರಿಕಾರರ ವಿಳಾಸ ಹುಡುಕಿಸಿ ಕಾಗದ ಬರೆಯುವುದು, ಉತ್ತರ ಬರುವ ತನಕ ಉಳಿದದ್ದನ್ನು ಹೊಲಿದು, ನಾಲ್ಕು ಪುಟಗಳನ್ನು ಹಿಂದಿನ ರಟ್ಟಿಗೆ ಅಂಟಿಸಿದ ಜೇಬಿನಲ್ಲಿ ಬಿಡಿಯಾಗಿ ಇಡುವುದು ಎಂದಾಯಿತು. ಕೋಣೆಯ ಮಾತನ್ನು ಅವರೇ ಎತ್ತಿದರು.

"ಹೊರಗಿನವನಾಗಿದ್ರೆ ಹೇಗೋ ಹೊಲಿದು ಬಿಲ್ ಕಳಿಸ್ತಿದ್ದ. ಇದನ್ನೇ ಮೇಲಿನವರಿಗೆ ಬರೀತೀನಿ. ನೀವು ಹೋಗಿ ಗೋಂದು ಕಲಸಿ."

ಗೋಂದಕ್ಕ ಪಡಸಾಲೆಯಲ್ಲಿ ಓಡಿದಳು. ಐವತ್ತೆರಡರ ವಯಸ್ಸಿಗೆ ಅದು ಓಟವೇ. ರಟ್ಟು ಒಣಗಿದ ಕೂಡಲೇ ಪುಸ್ತಕ ದಫೇದಾರರ ಕೈ ಸೇರಿತು, ಹದಿನೈದು ದಿನದ ವಾಯಿದೆಗೆ.

ಹದಿನೈದನೆಯ ದಿನ ಅವರು ಹಿಂದಿರುಗಿಸುವ ಹೊತ್ತಿಗೆ ಸರಿಯಾಗಿ ಪೋಸ್ಟ್‌ಕಾರ್ಡು ಬಂದಿತ್ತು. ಬರೆದು ಮೂವತ್ತು ವರ್ಷವಾಯಿತು, ನನಗೇ ಮರೆತುಹೋಗಿ ನನ್ನ ಪ್ರತಿ ಹುಡುಕಿ ನೋಡಬೇಕಾಯಿತು ಎಂದು ಕಾದಂಬರಿಕಾರರು ಬರೆದಿದ್ದರು: ಕೋರ್ಟ್ ಮೊದಲು, ಕವರ್ ಆಮೇಲೆ. ದಫೇದಾರರು ಹೇಳಿದ್ದೇ ಸರಿ. ಗೋಂದಕ್ಕ ಹಿಂದಿನ ರಟ್ಟು ತೆರೆದಳು. ಜೇಬು ಖಾಲಿ. ಹಾಳೆ ಮಗುಚುತ್ತಾ ಹೋದಳು. ಪೇದೆ ಕವರ್ ತೆಗೆದುಕೊಳ್ಳುವ ನಾಲ್ಕು ಪುಟಗಳು ಕೋರ್ಟಿನ ಅಧ್ಯಾಯಕ್ಕೆ ಮೊದಲು, ಅವಳು ಇಡಬೇಕೆಂದಿದ್ದ ಜಾಗದಲ್ಲೇ, ಅಂಚಿಗೆ ಅಂಚು ಕೂಡಿಕೊಂಡು ಕೂತಿದ್ದವು.

ಅವಳಿಗೆ ನಗು ಬಂತು, ಗೆದ್ದವರು ಸೋತ ಕಡೆ ಹೋಗಿ ಕೂರುವುದುಂಟೇ ಎಂದು. ಪೋಸ್ಟ್‌ಕಾರ್ಡು ಅವರ ಮುಂದೆ ಹಿಡಿದು, ನೋಡಿ, ನೀವು ಹೇಳಿದ್ದೇ ನಿಜವಾಯಿತು, ಮತ್ತೆ ಇಲ್ಲೇಕೆ ಇಟ್ಟಿರಿ ಎಂದು ಕೇಳಿದಳು.

ದಫೇದಾರರು ಕಾರ್ಡನ್ನು ಓದಲಿಲ್ಲ.

"ಗೊತ್ತಿತ್ತಮ್ಮಾ" ಎಂದರು. "ನನ್ನ ಮನೇಲಿ ಇದ್ದಷ್ಟು ದಿನ ಆದ್ರೂ ಅವನು ಕೊನೇಲಿ ಒಳ್ಳೆಯವನಾಗಿರ್ಲಿ ಅಂತ ಇಟ್ಟೆ."