ಗೋಲಿನ ಹಿಂದಿನ ಜಾಗ

ಆ ಶಾಲೆಯಲ್ಲಿ ಹುಡುಗಿಯರಿಗೆ ಆಟದ ಪೀರಿಯಡ್ ಇರಲಿಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಇತ್ತು. ವೇಳಾಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲೇ ಇತ್ತು. ಬೆಲ್ ಹೊಡೆದ ಕೂಡಲೇ ಹುಡುಗರು ಮೈದಾನಕ್ಕೆ ಇಳಿದು ಫುಟ್‌ಬಾಲ್ ಆಡುತ್ತಿದ್ದರು; ಹುಡುಗಿಯರು ಅವರ ವಾಚು, ಕನ್ನಡಕ, ಊಟದ ಡಬ್ಬಿ ಕಾಯುತ್ತ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಕೂತು ಕೂತು ಕಾಲು ಜೋಮು ಹಿಡಿದವರು ಗೋಲಿನ ಹಿಂದೆ ಹೋಗಿ ನಿಲ್ಲಬಹುದಿತ್ತು. ಆಚೆ ಚರಂಡಿ. ಚೆಂಡು ಅದರೊಳಗೆ ಬೀಳದಂತೆ ಹಿಡಿದು ಹುಡುಗರಿಗೆ ವಾಪಸು ಕೊಡುವುದು ಅವರ ಆಟ. ಹೀಗೇ ಆಗಬೇಕೆಂದು ಯಾರೂ ಎಲ್ಲೂ ಹೇಳಿರಲಿಲ್ಲ, ಹೀಗೇ ನಡೆದುಕೊಂಡು ಬಂದಿತ್ತು.

ಹುಡುಗಿಯರ ಪಿ.ಟಿ. ಟೀಚರಿಗೆ ಮಕ್ಕಳು ಇಟ್ಟ ಹೆಸರು ಪೀಪಿ ಟೀಚರ್. ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿತ್ತು, ಊದುವ ಪ್ರಸಂಗ ಮಾತ್ರ ಬರುತ್ತಿರಲಿಲ್ಲ. ಮನೆಯಲ್ಲಿ ಅಡುಗೆ ಮಾಡುವಾಗಲೂ ಅದು ಹಾಗೇ ಇರುವುದನ್ನು ನೋಡಿ ಅವರ ಅತ್ತೆ, ಕುಕ್ಕರಿಗೇ ಇಲ್ಲದ ಗತ್ತು ನಿನಗೆ ಎಂದು ಛೇಡಿಸುತ್ತಿದ್ದರು. ಟೀಚರ್ ಒಂದು ಕಾಲದಲ್ಲಿ ಓಡಿದವರು, ಕಪ್ ಗೆದ್ದವರು. ಈಗ ಹಿಮ್ಮಡಿ ನೋವು. ಆಟದ ಸಾಮಾನಿನ ಕೋಣೆಯ ಬೀಗದ ಕೈ ಹುಡುಗರ ಮೇಷ್ಟ್ರ ಸೊಂಟದಲ್ಲಿರುತ್ತಿತ್ತು. ಮೇಷ್ಟ್ರು ಕೆಟ್ಟವರೇನಲ್ಲ, ದೇವರಂಥ ಮನುಷ್ಯ. ಚೆಂಡು ಕೇಳಿದರೆ ಇಲ್ಲ ಎಂದವರೇ ಅಲ್ಲ, ತಕ್ಷಣ ಎತ್ತಿ ಕೊಡುತ್ತಿದ್ದರು. ಅದರಲ್ಲಿ ಗಾಳಿ ಇರುತ್ತಿರಲಿಲ್ಲ, ಅಷ್ಟೆ.

ಹತ್ತನೇ ತರಗತಿಯಲ್ಲಿ ಒಬ್ಬಳು ಬಸ್ ಡ್ರೈವರನ ಮಗಳಿದ್ದಳು. ಬಿದಿರ ಗಳುವಿನ ಹಾಗೆ ಉದ್ದ, ಮಾತು ಕಡಿಮೆ. ಎರಡು ವರ್ಷದಿಂದ ಗೋಲಿನ ಹಿಂದಿನ ಜಾಗ ಅವಳದೇ. ಗೋಲು ಕಾಯುವ ಹುಡುಗ ಬಿಟ್ಟದ್ದನ್ನು ಅವಳು ಬಿಡುತ್ತಿರಲಿಲ್ಲ. ಎಡಕ್ಕೆ, ಬಲಕ್ಕೆ, ಕಂಬದ ಮೇಲೆ, ಎಲ್ಲಿ ಬಂದರೂ ಅಲ್ಲಿ ಅವಳ ಎರಡು ಕೈ ಇರುತ್ತಿದ್ದವು. ಅವಳಿಗೆ ಗೋಡೆ ಎಂದು ಹೆಸರಿಟ್ಟವರು ಆ ಹುಡುಗರೇ. ಇದೊಂದು ವಿದ್ಯೆ ಎಂದು ಅವಳಿಗೆ ಗೊತ್ತಿರಲಿಲ್ಲ. ಚರಂಡಿಗೆ ಬಿದ್ದ ಚೆಂಡು ತೊಳೆಯುವ ಕೆಲಸ ತಪ್ಪಿತಲ್ಲ ಎಂದುಕೊಂಡಿದ್ದಳು. ಟೀಚರಿಗೆ ಗೊತ್ತಿತ್ತು.

ಆ ವರ್ಷ ಶಾಲೆ ಶಾಲೆಗಳ ನಡುವಿನ ಕ್ರೀಡಾಕೂಟದಲ್ಲಿ ಮೊದಲ ಬಾರಿಗೆ ಹುಡುಗಿಯರ ಫುಟ್‌ಬಾಲ್ ಇಟ್ಟರು. ಸುದ್ದಿ ಕೇಳಿದ ಟೀಚರ್ ಹಿಮ್ಮಡಿ ನೋವು ಮರೆತು ಮೆಟ್ಟಿಲು ಹತ್ತಿ ಹೆಡ್‌ಮಾಸ್ತರರ ಕೋಣೆಗೆ ಹೋದರು. ವಾರಕ್ಕೆ ಎರಡು ಮಧ್ಯಾಹ್ನ ಮೈದಾನ ಬೇಕು ಎಂದರು. ಹೆಡ್‌ಮಾಸ್ತರರು ಟೀ ತರಿಸಿಕೊಟ್ಟು, ಇರುವ ಮೈದಾನ ಹುಡುಗರಿಗೇ ಸಾಲುತ್ತಿಲ್ಲವೆಂದೂ ಮುಂದಿನ ವರ್ಷ ನೋಡೋಣವೆಂದೂ ಮೃದುವಾಗಿ ಹೇಳಿ ಕಳಿಸಿದರು. ಮುಂದಿನ ವರ್ಷ ಗೋಡೆ ಈ ಶಾಲೆಯಲ್ಲಿ ಇರುವುದಿಲ್ಲ. ಆಡಿದರೆ ಈಗ, ಇಲ್ಲದಿದ್ದರೆ ಅವಳು ಈ ಜನ್ಮದಲ್ಲಿ ಗೋಲಿನ ಮುಂದೆ ನಿಲ್ಲುವುದಿಲ್ಲ. ಟೀಚರಿಗೆ ಈ ಯೋಚನೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಚೂರಿನ ಹಾಗೆ ಕಾಡಿತು.

ಆಗ ಅವರ ತಲೆಗೆ ಒಂದು ಉಪಾಯ ಹೊಳೆಯಿತು. ಎರಡು ದಿನ ಬಿಟ್ಟು ಮತ್ತೆ ಹೋದರು. ಈ ಸಲ ಫುಟ್‌ಬಾಲಿನ ಸುದ್ದಿಯೇ ಎತ್ತಲಿಲ್ಲ. ವಾರ್ಷಿಕೋತ್ಸವಕ್ಕೆ ಹುಡುಗಿಯರಿಂದ ಬಣ್ಣದ ರಿಂಗಿನ ಡ್ರಿಲ್ ಮಾಡಿಸೋಣ ಅಂತಿದ್ದೇನೆ, ಮೈದಾನ ಇಲ್ಲದೆ ಆಗುವುದಿಲ್ಲ ಎಂದರು. ಹೆಡ್‌ಮಾಸ್ತರರ ಮುಖ ಅರಳಿತು. ಹುಡುಗರು ಗೊಣಗಿದರೂ ವಾರಕ್ಕೆ ಎರಡು ಮಧ್ಯಾಹ್ನ ಮೈದಾನ ಹುಡುಗಿಯರ ಪಾಲಾಯಿತು.

ಅಲ್ಲಿಂದ ಮುಂದೆ ನಡೆದದ್ದು ಹಗಲು ದರೋಡೆ. ಹೆಡ್‌ಮಾಸ್ತರರ ಕಿಟಕಿ ಮೈದಾನದ ಕಡೆಗೇ ಇತ್ತು. ಕಿಟಕಿ ತೆರೆದ ಸದ್ದಾದರೆ ಮೆಟ್ಟಿಲ ಮೇಲೆ ಕಾವಲಿಗೆ ಕೂತ ಹುಡುಗಿ ಕೆಮ್ಮುತ್ತಿದ್ದಳು. ಸೈಕಲ್ ಅಂಗಡಿಯಲ್ಲಿ ಗಾಳಿ ತುಂಬಿಸಿಕೊಂಡ ಚೆಂಡು ಚೀಲಗಳ ರಾಶಿಯಡಿಗೆ, ರಿಂಗುಗಳು ಮೇಲಕ್ಕೆ. ಕಿಟಕಿ ಮುಚ್ಚಿದರೆ ಮತ್ತೆ ಚೆಂಡು. ಗೋಡೆ ಮೊದಲ ದಿನ ಅಭ್ಯಾಸಬಲದಿಂದ ಗೋಲಿನ ಹಿಂದಕ್ಕೇ ಹೋಗಿ ನಿಂತಳು. ಟೀಚರ್ ರಟ್ಟೆ ಹಿಡಿದು ಮುಂದಕ್ಕೆ ತಂದು ನಿಲ್ಲಿಸಬೇಕಾಯಿತು. ಎರಡು ಕಂಬಗಳ ನಡುವೆ ನಿಂತವಳು ಆಚೀಚೆ ನೋಡಿ ಸುಮ್ಮನೆ ನಕ್ಕಳು. ಆ ನಗು ನೋಡಿದ ಮೇಲೆ ಟೀಚರಿಗೆ ಸುಳ್ಳು ಹೇಳಿದ ಅಳುಕೂ ಉಳಿಯಲಿಲ್ಲ.

ಮನೆಯಲ್ಲಿ ಅತ್ತೆ ಹಳೇ ಸೋಫಾದ ರೆಕ್ಸಿನ್ ಕತ್ತರಿಸಿ, ಒಳಗೆ ಸ್ಪಂಜು ತುಂಬಿ, ಗೋಡೆಗೆಂದು ಒಂದು ಜೊತೆ ಕೈಗವಸು ಹೊಲಿದರು.

"ಕಳ್ಳತನ ನೀನು ಮಾಡು, ಚೀಲ ನಾನು ಹೊಲಿದುಕೊಡ್ತೀನಿ. ಸಿಕ್ಕಿಹಾಕ್ಕೊಂಡ್ರೆ ಮಾತ್ರ ನನ್ನ ಹೆಸರು ಹೇಳ್ಬೇಡ ಕಣೇ" ಎಂದರು.

ಸಿಕ್ಕಿಹಾಕಿಕೊಳ್ಳುವ ಭಯ ಟೀಚರಿಗೂ ಇತ್ತು. ತಂಡ ತಯಾರಾದ ಮೇಲೆ ಹೇಳಿದರಾಯಿತು, ಕಣ್ಣೆದುರು ನಿಂತ ತಂಡವನ್ನು ಯಾರಾದರೂ ಬೇಡವೆನ್ನುತ್ತಾರೆಯೇ ಎಂಬುದು ಅವರ ಲೆಕ್ಕಾಚಾರ. ಕ್ರೀಡಾಕೂಟದವರಿಗೆ ಫೋನು ಮಾಡಿ ನಮ್ಮ ಹುಡುಗಿಯರು ಬರುತ್ತಾರೆ ಎಂದೂ ಹೇಳಿಬಿಟ್ಟಿದ್ದರು. ವಾರ್ಷಿಕೋತ್ಸವ ಒಂದು ಮುಗಿಯಲಿ ಎಂದು ಕಾದರು.

ವಾರ್ಷಿಕೋತ್ಸವದ ದಿನ ಹುಡುಗಿಯರು ಡ್ರಿಲ್ ಮಾಡಿದರು. ಹೇಗೆ ಮಾಡಿದರು ಅಂತೀರಿ! ಓಡಿ ಓಡಿ ಗಟ್ಟಿಯಾದ ಕಾಲು, ಚೆಂಡು ಹಿಡಿದು ಪಳಗಿದ ಕೈ. ಆಕಾಶಕ್ಕೆ ಎಸೆದ ರಿಂಗುಗಳಲ್ಲಿ ಒಂದೂ ನೆಲ ಮುಟ್ಟಲಿಲ್ಲ. ಗೋಡೆಯಂತೂ ಪಕ್ಕದವಳ ಕೈತಪ್ಪಿದ ರಿಂಗನ್ನೂ ಹಾರಿ ಹಿಡಿದಳು. ಮುಖ್ಯ ಅತಿಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಶನಿವಾರ ಆ ಅತಿಥಿಗಳ ಕ್ಲಬ್ಬಿನ ಮೈದಾನದಲ್ಲಿ ಹುಡುಗರ ಫೈನಲ್ ಪಂದ್ಯವಂತೆ, ಉದ್ಘಾಟನೆಗೆ ಈ ಮಕ್ಕಳೇ ಬೇಕಂತೆ. ಹೆಡ್‌ಮಾಸ್ತರರು ಮೈಕಿನಲ್ಲೇ ಒಪ್ಪಿಕೊಂಡರು. ಕ್ರೀಡಾಕೂಟದ ಹುಡುಗಿಯರ ಪಂದ್ಯವೂ ಅದೇ ಶನಿವಾರ, ಅದೇ ಹೊತ್ತಿಗೆ, ಊರಿನ ಇನ್ನೊಂದು ತುದಿಯಲ್ಲಿತ್ತು.

ಮರುದಿನ ಟೀಚರ್ ಹೆಡ್‌ಮಾಸ್ತರರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಕೊಂಡರು. ಬೈದಿದ್ದರೆ ಅವರೂ ಎದುರು ಮಾತಾಡುತ್ತಿದ್ದರೇನೋ. ಹೆಡ್‌ಮಾಸ್ತರರು ಬೈಯಲಿಲ್ಲ, ನಕ್ಕರು.

"ನೀವು ಮೊದಲೇ ಹೇಳಿದ್ರೆ ನಾನೇನು ಬೇಡ ಅಂತಿದ್ನಾ ಟೀಚರೇ?"

ಬೇಡವೆಂದದ್ದು ಅವರಿಗೆ ನಿಜಕ್ಕೂ ಮರೆತುಹೋಗಿತ್ತು. ಟೀಚರ್ ಬೇರೆ ಹುಡುಗಿಯರನ್ನು ಡ್ರಿಲ್ಲಿಗೆ ಕಳಿಸೋಣವೆಂದರು. ಬೇರೆಯವರಿಗೆ ಡ್ರಿಲ್ ಬರುತ್ತದೆಯೇ ಎಂದು ಅವರು ಕೇಳಿದರು. ಬರುತ್ತಿರಲಿಲ್ಲ. ಮಾತು ಕೊಟ್ಟಾಗಿದೆ, ಶಾಲೆಯ ಮರ್ಯಾದೆಯ ಪ್ರಶ್ನೆ, ಅಲ್ಲದೆ ಡ್ರಿಲ್ ಅಂತ ಮೈದಾನ ಕೇಳಿದ್ದು ತಾವೇ ಅಲ್ಲವೇ ಎಂದರು ಹೆಡ್‌ಮಾಸ್ತರರು. ಟೀಚರ್ ಹೊರಗೆ ಬಂದು ಕ್ರೀಡಾಕೂಟದವರಿಗೆ ಫೋನು ಮಾಡಿದರು. ದಿನ ಬದಲಾಗುವುದಿಲ್ಲ, ಬರದಿದ್ದರೆ ಎದುರಿನವರು ಗೆದ್ದ ಹಾಗೆ ಎಂದರು ಆ ಕಡೆಯವರು. ಅತ್ತೆಗೆ ಸುದ್ದಿ ಹೇಳಿದಾಗ ಅವರಿಗೂ ತಮಾಷೆ ಮಾಡಲು ಏನೂ ಸಿಗಲಿಲ್ಲ. ಸೊಸೆಯ ಹಿಮ್ಮಡಿಗೆ ಎಣ್ಣೆ ತಿಕ್ಕುತ್ತ ಕೂತರು.

ಟೀಚರ್ ಹುಡುಗಿಯರನ್ನು ಮೆಟ್ಟಿಲ ಮೇಲೆ ಕೂರಿಸಿ ಸುದ್ದಿ ಹೇಳಿದರು. ಇಬ್ಬರು ಮೂವರು ಅತ್ತರು. ಗೋಡೆ ಅಳಲಿಲ್ಲ. ಎಲ್ಲರೂ ಹೋದ ಮೇಲೆ ಕೈಗವಸಿನ ಹೊಲಿಗೆ ಸವರುತ್ತ ಕೇಳಿದಳು.

"ಟೀಚರ್, ಅವತ್ತು ನಾವು ರಿಂಗು ಬೀಳಿಸಿದ್ರೆ ಆಡೋಕೆ ಬಿಡ್ತಿದ್ರಾ?"

ಟೀಚರ್ ಅವಳ ಬೆನ್ನ ಮೇಲೆ ಕೈಯಿಟ್ಟರು. ಆ ಪ್ರಶ್ನೆ ಅವರಿಗೆ ಈಗಲೂ ತಟ್ಟೆಯ ಮುಂದೆ ಕೂತಾಗ ನೆನಪಾಗುತ್ತದೆ, ಊಟ ಸೇರುವುದಿಲ್ಲ.

ಶನಿವಾರ ತಲೆಗೆ ರಿಬ್ಬನ್ ಕಟ್ಟಿದ ಹುಡುಗಿಯರು ಮತ್ತೊಮ್ಮೆ ಡ್ರಿಲ್ ಮಾಡಿದರು. ಈ ಸಲವೂ ಒಂದೂ ರಿಂಗು ಬೀಳಲಿಲ್ಲ. ಚಪ್ಪಾಳೆ ಮುಗಿದು, ಅವರೆಲ್ಲ ಗೆರೆಯಾಚೆ ಕೂತು, ಹುಡುಗರ ಪಂದ್ಯ ಶುರುವಾಯಿತು. ಸ್ವಲ್ಪ ಹೊತ್ತಿನಲ್ಲಿ ನೋಡಿದರೆ ಗೋಡೆ ಸಾಲಿನಲ್ಲಿರಲಿಲ್ಲ. ಯಾರೂ ಹೇಳದೆ ಎದ್ದುಹೋಗಿ ಗೋಲಿನ ಹಿಂದೆ ನಿಂತಿದ್ದಳು. ಕೈಯಲ್ಲಿ ರೆಕ್ಸಿನ್ ಗವಸು. ಊರಿನ ಆ ತುದಿಯಲ್ಲಿ, ಬಾರದ ತಂಡಕ್ಕೆ ಕಾದು ಕಾದು ಇಷ್ಟು ಹೊತ್ತಿಗೆ ಸೀಟಿ ಊದಿ ಮುಗಿಸಿರುತ್ತಾರೆ ಎಂದು ಟೀಚರಿಗೆ ಅನ್ನಿಸಿತು.

ಬಲವಾದ ಒಂದು ಒದೆತಕ್ಕೆ ಚೆಂಡು ಹುಡುಗನ ಕೈಗೆ ಎಟುಕದೆ ಕಂಬದ ಮೇಲಿಂದ ಹಾರಿತು. ಗೋಡೆ ಓರೆಯಾಗಿ ನೆಗೆದು ಗಾಳಿಯಲ್ಲೇ ಅದನ್ನು ಎರಡೂ ಕೈಯಲ್ಲಿ ಹಿಡಿದು, ಎದೆಗೊತ್ತಿಕೊಂಡು ನೆಲಕ್ಕೆ ಬಿದ್ದು, ಎದ್ದು ನಿಂತಳು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಆಚೆ ಬಿದ್ದ ಚೆಂಡಿಗೆ ಚಪ್ಪಾಳೆ ಯಾಕೆ? ಟೀಚರ ಪಕ್ಕದ ಕುರ್ಚಿಯಲ್ಲಿದ್ದ ಹೆಡ್‌ಮಾಸ್ತರರು, ನಮ್ಮ ಹುಡುಗಿಯರು ಎಷ್ಟು ಚುರುಕು ನೋಡಿ ಎಂದು ಮುಖ್ಯ ಅತಿಥಿಗಳಿಗೆ ಹೇಳಿದರು.

ಹುಡುಗ ಚೆಂಡಿಗಾಗಿ ಕೈ ಚಾಚಿದ. ಗೋಡೆ ಕೊಡಲಿಲ್ಲ. ಆಟ ನಿಂತಿತು, ಜನ ಕೂಗತೊಡಗಿದರು. ಅವಳು ಚೆಂಡನ್ನು ಅಪ್ಪಿಕೊಂಡು ನಿಂತಲ್ಲಿಂದಲೇ, ಮೈದಾನದಾಚೆ ಕೂತಿದ್ದ ಟೀಚರ ಕಡೆ ನೋಡಿದಳು.

ಹೆಡ್‌ಮಾಸ್ತರರೂ ಅವರ ಕಡೆಗೇ ತಿರುಗಿದರು. ಟೀಚರ್ ಎದ್ದು ನಿಂತು, ಒಂದು ಕೈಯಲ್ಲಿ ಕೊರಳ ಸೀಟಿಯನ್ನು ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಕೊಟ್ಟುಬಿಡು ಎಂದು ಸನ್ನೆ ಮಾಡಿದರು.