ಬುರುಲ್ಚಾಳ ಹಳದಿ ಗುಂಡಿ

ಹಿಮದ ಬೆಟ್ಟಗಳ ನಡುವಿನ ನಾರಿನ್ ಪಟ್ಟಣದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆಂಟು ವರ್ಷ ತಂತಿ ಬೆಸೆದ ಹೆಂಗಸು ಬುರುಲ್ಚಾ. ಕೋಣೆ ತುಂಬ ಇದ್ದ ಯಂತ್ರಗಳನ್ನೆಲ್ಲ ಕಿತ್ತು, ಅವುಗಳ ಜಾಗದಲ್ಲಿ ಗೋಡೆಗೆ ಒಂದು ಪುಟ್ಟ ಪೆಟ್ಟಿಗೆ ನೇತುಹಾಕಿ, ‘ಇನ್ನು ನೀವು ಮನೆಗೆ ಹೋಗಬಹುದು’ ಎಂದರು ಮೇಲಿನವರು. ಅವಳು ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಕಸಕ್ಕೆ ಹೊರಟಿದ್ದ ಒಂದು ಹಳೇ ಸೈರನ್ನನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದಳು. ಮರುವಾರವೇ ಬಜಾರಿನಲ್ಲಿ ಮೊಬೈಲ್ ರಿಪೇರಿಯ ಗೂಡಂಗಡಿ ತೆರೆದಳು. ಐವತ್ನಾಲ್ಕರ ವಿಧವೆ, ಮಾತು ಕಡಿಮೆ, ಕೈ ಚುರುಕು. ಅವಳು ಮುಟ್ಟಿದ ಯಂತ್ರ ಉಸಿರಾಡದೇ ಇರುವುದಿಲ್ಲ ಅಂತ ಊರಲ್ಲಿ ಮಾತು.

ಹೋದ ಚಳಿಗಾಲದಲ್ಲಿ ಪಕ್ಕದ ಬೀದಿಯ ಒಂದು ಮನೆಯಲ್ಲಿ ಮೂವರು ರಾತ್ರಿ ಮಲಗಿದವರು ಬೆಳಗ್ಗೆ ಏಳಲೇ ಇಲ್ಲ. ಕಲ್ಲಿದ್ದಲಿನ ಒಲೆ ನಮ್ಮಲ್ಲಿ ಯಾರ ಮನೆಯಲ್ಲಿಲ್ಲ ಹೇಳಿ! ಕೆಂಡ ಪೂರ್ತಿ ಸಾಯುವ ಮೊದಲೇ, ಬಿಸಿ ಉಳಿಯಲಿ ಅಂತ ಹೊಗೆಗೂಡು ಮುಚ್ಚುವ ತಗಡು ಎಳೆದುಬಿಟ್ಟರೆ ಮುಗಿಯಿತು. ಕೋಣೆಗೆ ತುಂಬುವ ಆ ವಿಷಗಾಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಕೆಮ್ಮು ಕೂಡ ಬರುವುದಿಲ್ಲ. ಸತ್ತವರಲ್ಲಿ ಒಬ್ಬಳು ಎಕ್ಸ್‌ಚೇಂಜಿನಲ್ಲಿ ಬುರುಲ್ಚಾಳ ಪಕ್ಕದ ಕುರ್ಚಿಯಲ್ಲಿ ಹದಿನೈದು ವರ್ಷ ಕೂತಿದ್ದವಳು. ಅವಳ ಮಣ್ಣಿಗೆ ಹೋಗಿ ಬಂದ ಬುರುಲ್ಚಾ ಎರಡು ದಿನ ಊಟ ಬಿಟ್ಟಳು. ಮೂರನೇ ದಿನ ಅಂಗೈ ಅಗಲದ ಒಂದು ಕಂಪ್ಯೂಟರ್ ಬೋರ್ಡನ್ನು ತರಿಸಿದಳು.

ಬರೀ ಬೋರ್ಡು. ಪರದೆಯಿಲ್ಲ, ಕೀಲಿಮಣೆಯಿಲ್ಲ. ಆದರೂ ಇಡೀ ಮನೆಯನ್ನು ನೋಡಿಕೊಳ್ಳುವ ಸರ್ವರ್ ಅದರೊಳಗೆ ಕೂರುತ್ತದಂತೆ. ರಷ್ಯನ್ ಭಾಷೆಯ ವಿಡಿಯೋಗಳನ್ನು ನೋಡಿ ನೋಡಿ, ಹನ್ನೊಂದು ದಿನ ಕೂತು ಅದನ್ನು ಹೊಂದಿಸಿದಳು. ಮೊದಲ ಮೆಮರಿ ಕಾರ್ಡು ಸುಟ್ಟಿತು. ಎರಡನೆಯದರಲ್ಲಿ ಎಲ್ಲ ಸರಿಹೋಯಿತು ಅನ್ನುವಾಗ ಕರೆಂಟು ಹೋಗಿ ಮೊದಲಿಂದ ಶುರುಮಾಡಬೇಕಾಯಿತು. ಆಗ ಕಾರಿನ ಬ್ಯಾಟರಿಯೊಂದನ್ನು ತಂದು ಅದಕ್ಕೆ ಜೋಡಿಸಿದಳು. ಬೋರ್ಡನ್ನು ಖಾಲಿ ಚಹಾ ಡಬ್ಬಿಯೊಳಗೆ ಕೂರಿಸಿ, ಗಾಳಿಯಾಡಲು ಮೊಳೆಯಿಂದ ತೂತು ಹೊಡೆದಳು. ಒಲೆಯ ಕೋಣೆಯಲ್ಲೊಂದು, ಮಲಗುವ ಕೋಣೆಯಲ್ಲೊಂದು ವಿಷ ಅಳೆಯುವ ಕಣ್ಣು ಇಟ್ಟಳು. ಅಳತೆ ನಲವತ್ತು ದಾಟಿದರೆ ಎಕ್ಸ್‌ಚೇಂಜಿನ ಆ ಹಳೇ ಸೈರನ್ನು ಊರು ಹಾರಿಹೋಗುವಂತೆ ಕೂಗಬೇಕು. ಬಜಾರಿನಲ್ಲಿದ್ದರೂ ಅವಳ ಫೋನಿಗೆ ಸುದ್ದಿ ಬರಬೇಕು.

“ಚಹಾ ಡಬ್ಬೀಲಿ ಚಹಾ ಇಲ್ಲ, ಮನೆ ಕಾಯೋ ನಾಯಿ ಇದೆಯಂತೆ!” ಅಂತ ಅತ್ತೆ ಕಾಲಿಪಾ ಮೂಗು ಮುರಿದಳು. ಕಾಲಿಪಾಳಿಗೆ ಎಂಬತ್ತಾಗುತ್ತ ಬಂದಿದೆ, ಬಾಯಿ ಮಾತ್ರ ಇನ್ನೂ ಹರೆಯದ್ದೇ. “ನಿನ್ನ ಡಬ್ಬಿಗೆ ಕಣ್ಣಿದೆ ಅಂತೀಯ. ನಂಗೇನು ಇರೋದು, ಕವಡೆನಾ? ಅರವತ್ತು ವರ್ಷದಿಂದ ಈ ಒಲೆ ನೋಡ್ತಿದೀನಿ. ಕೆಂಡದ ಮೇಲೆ ನೀಲಿ ಜ್ವಾಲೆ ಆಡ್ತಿರೋ ತನಕ ತಗಡು ಮುಟ್ಟಬಾರದು. ಅಷ್ಟೇ ಕಣೇ ವಿದ್ಯೆ.”

“ನೀವು ಮಲಗಿದ್ದಾಗ ಯಾರು ನೋಡೋರು ಅಪಾ?” ಎಂದಳು ಬುರುಲ್ಚಾ. ಅತ್ತೆಯನ್ನು ಅವಳು ಕರೆಯುವುದೇ ಹಾಗೆ.

ಒಂದೆರಡು ತಿಂಗಳಲ್ಲಿ ಕಾಲಿಪಾಳೂ ಡಬ್ಬಿಗೆ ಒಗ್ಗಿಹೋದಳು. ಬಂದವರಿಗೆಲ್ಲ ‘ನಮ್ಮ ಸೊಸೆ ಮಾಡಿದ್ದು’ ಎಂದು ತೋರಿಸುವವಳೂ ಅವಳೇ.

ಜನವರಿಯಲ್ಲಿ ಬುರುಲ್ಚಾಳ ಮಗ ಎರ್ಮೆಕ್‌ನ ಹೆಂಡತಿ ಮಿರ್‌ಗುಲ್ ಹೆಣ್ಣುಮಗು ಹೆತ್ತಳು. ಎರ್ಮೆಕ್ ಲಾರಿ ಓಡಿಸುವವನು, ತಿಂಗಳಲ್ಲಿ ಇಪ್ಪತ್ತು ದಿನ ದಾರಿಯ ಮೇಲೆ. ಮನೆಯಲ್ಲಿ ಮೂರು ತಲೆಮಾರಿನ ಮೂವರು ಹೆಂಗಸರು, ಒಂದು ಎಳೆಗೂಸು. ನಲವತ್ತು ದಿನ ಆಗುವ ತನಕ ಕೂಸನ್ನು ಕಣ್ಣುದೃಷ್ಟಿಯಿಂದ ಕಾಯಬೇಕಲ್ಲ! ನೋಡಲು ಬಂದವರು ಹೊಸ್ತಿಲು ದಾಟಿದ್ದೇ ತಡ, ಕಾಲಿಪಾ ಕಬ್ಬಿಣದ ಸೌಟಿನಲ್ಲಿ ಬೆಟ್ಟದ ಅರ್ಚಾ ಮರದ ಒಣಸೊಪ್ಪಿಗೆ ಕೆಂಡ ತಾಗಿಸಿ ಧೂಪ ಹಾಕುತ್ತಿದ್ದಳು. ತೊಟ್ಟಿಲ ಸುತ್ತ ಮೂರು ಸುತ್ತು, ಬಾಣಂತಿಯ ತಲೆಯ ಮೇಲೆ ಮೂರು ಸುತ್ತು, “ಅಲಾಸ್, ಅಲಾಸ್, ಎಲ್ಲಾ ಪೀಡೆ ತೊಲಗಲಿ!”

ಪೀಡೆ ತೊಲಗುತ್ತಿತ್ತೋ ಇಲ್ಲವೋ, ಸೈರನ್ನು ಮಾತ್ರ ತಪ್ಪದೇ ಕೂಗುತ್ತಿತ್ತು. ಅರ್ಚಾ ಸೊಪ್ಪಿನ ಹೊಗೆಗೂ ಅಳತೆ ಐವತ್ತು ಅರವತ್ತಕ್ಕೆ ಏರುತ್ತಿತ್ತು. ಕೂಸು ಬೆಚ್ಚಿ ಕಿರುಚುವುದು, ಮಿರ್‌ಗುಲ್ ಅಳುವುದು, ಕಾಲಿಪಾ ಬಾಯಿಗೆ ಬಂದಂತೆ ಬೈಯುವುದು. ಪಕ್ಕದ ಮನೆಯ ಸೋನುನ್ ಗೋಡೆಯ ಮೇಲಿಂದ ತಲೆ ಹಾಕಿ, “ಏನ್ರೇ, ನಿಮ್ಮನೆ ಕತ್ತೆಗೆ ಮತ್ತೆ ಅರ್ಚಾ ವಾಸನೆ ಬಡೀತಾ?” ಎಂದು ನಗುವಳು. ಮೊದಲೆರಡು ದಿನ ಬೀದಿಗೆ ಬೀದಿಯೇ ಓಡಿಬಂದಿತ್ತು. ಆಮೇಲೆ ಯಾರೂ ಬರಲಿಲ್ಲ.

“ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ, ಅದನ್ನ ಕಿತ್ತುಹಾಕಿ” ಎಂದಳು ಮಿರ್‌ಗುಲ್ ಒಂದು ದಿನ. “ಮಗು ಬೆದರಿ ಬೆದರಿ ಹಾಲೇ ಕುಡೀತಿಲ್ಲ.”

ಕೀಳುವ ಮಾತೆಲ್ಲಿ ಬಂತು? ಬುರುಲ್ಚಾ ಬಾಗಿಲ ಪಕ್ಕದ ಗೋಡೆಗೆ ಒಂದು ಹಳದಿ ಗುಂಡಿ ಜೋಡಿಸಿದಳು. ಧೂಪಕ್ಕೆ ಮೊದಲು ಅದನ್ನು ಒಮ್ಮೆ ಒತ್ತಿದರೆ ಒಂದು ಗಂಟೆ ಸೈರನ್ನೂ ಫೋನಿನ ಎಚ್ಚರಿಕೆಯೂ ಬಾಯಿ ಮುಚ್ಚಿಕೊಂಡಿರುತ್ತವೆ. ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಯಿತು. ಆ ಗುಂಡಿ ಹಾಕಿದ ದಿನ ಕಾಲಿಪಾ ಸೊಸೆಯ ಹಣೆಗೆ ಮುತ್ತು ಕೊಟ್ಟಳು ಕೂಡ.

ಕೂಸಿಗೆ ಇಪ್ಪತ್ತೇಳು ದಿನ ತುಂಬಿದ ಗುರುವಾರ. ಹೊರಗೆ ಸೊನ್ನೆಗಿಂತ ಇಪ್ಪತ್ತೊಂಬತ್ತು ಕೆಳಗೆ. ಬುರುಲ್ಚಾ ಬೆಳಗ್ಗೆ ಎದ್ದು ಒಲೆಗೆ ಕಲ್ಲಿದ್ದಲು ತುಂಬಿದಳು. ಎಂಟಕ್ಕೆ ಹೊರಡುವಾಗ ಒಲೆಯ ಬಾಯಿ ತೆರೆದು ನೋಡಿದಳು. ಕೆಂಡದ ಮೇಲೆ ನೀಲಿ ಇನ್ನೂ ಆಡುತ್ತಿತ್ತು. ತಗಡು ಎಳೆಯದೆ ಹೋದರೆ ಬಿಸಿಯೆಲ್ಲ ಆಕಾಶದ ಪಾಲು, ಬಾಣಂತಿ ಕೋಣೆ ತಣ್ಣಗಾಗುತ್ತದೆ. ಅತ್ತೆ ಇನ್ನೂ ಹೊದ್ದು ಮಲಗಿದ್ದಾಳೆ. ಡಬ್ಬಿ ಇದೆಯಲ್ಲ, ಹೆಚ್ಚುಕಮ್ಮಿ ಆದರೆ ಕೂಗುತ್ತದೆ ಅಂದುಕೊಂಡಳು. ತಗಡನ್ನು ಮುಕ್ಕಾಲು ಪಾಲು ಎಳೆದು, ಬಾಗಿಲು ಹಾಕಿಕೊಂಡು ಬಜಾರಿಗೆ ಹೋದಳು.

ಹಿಂದಿನ ಸಂಜೆ ಮಿರ್‌ಗುಲ್‌ಳ ತವರಿನವರು ಬಂದು ಹೋಗಿದ್ದರು. ಒಂಬತ್ತೂ ಹತ್ತಕ್ಕೆ ಬುರುಲ್ಚಾಳ ಫೋನಿಗೆ ಸುದ್ದಿ ಬಂತು: ಹಳದಿ ಗುಂಡಿ ಒತ್ತಲಾಗಿದೆ. ಐದು ನಿಮಿಷ ಬಿಟ್ಟು ನೋಡಿದರೆ ಅಳತೆ ಐವತ್ತೈದು. ‘ಬೀಗರ ದೃಷ್ಟಿ ತೆಗೀತಿದಾರೆ ನಮ್ಮ ಅಪಾ’ ಎಂದು ಬುರುಲ್ಚಾ ಒಳಗೊಳಗೇ ನಕ್ಕು, ಗಿರಾಕಿಯ ಒಡೆದ ಪರದೆಗೆ ಕೈ ಹಾಕಿದಳು. ಪರದೆ ಕೂರಿಸಿ, ಅಂಟು ಒರೆಸಿ, ಮತ್ತೆ ಫೋನಿನ ಕಡೆ ಕಣ್ಣು ಹಾಯಿಸಿದಾಗ ಒಂಬತ್ತೂ ಮೂವತ್ತೈದು. ಅಳತೆ ನೂರಾ ಎಂಬತ್ತು.

ಅರ್ಚಾ ಧೂಪ ಎಂದೂ ಎಪ್ಪತ್ತು ದಾಟಿದ್ದಿಲ್ಲ.

ಅವಳ ಬಲಗೈಗೆ ನೆನಪಾಯಿತು. ತಣ್ಣನೆಯ ತಗಡಿನ ಹಿಡಿ, ಅದು ಎಳೆದಾಗ ಕಿರ್ ಎಂದದ್ದು. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಎಲ್ಲಿ ಬಿತ್ತೋ! ಮಿರ್‌ಗುಲ್‌ಗೆ ಫೋನು ಮಾಡಿದಳು. ಕೂಸು ಮಲಗಿದಾಗ ಅವಳು ಫೋನಿನ ಸದ್ದು ಆರಿಸಿಡುತ್ತಾಳೆ, ಎತ್ತಲಿಲ್ಲ. ಕಾಲಿಪಾಳ ಫೋನು ಪೆಟ್ಟಿಗೆಯೊಳಗೆ ಒಡವೆಗಂಟಿನಂತೆ ಭದ್ರ. ಸೋನುನ್ ಈ ಹೊತ್ತಿಗೆ ಕೊಟ್ಟಿಗೆಯಲ್ಲಿ. ಆಂಬುಲೆನ್ಸಿಗೆ ವಿಳಾಸ ಕೂಗಿ ಹೇಳಿ, ಅಂಗಡಿ ತೆರೆದಂತೆಯೇ ಬಿಟ್ಟು, ಸಿಕ್ಕ ಟ್ಯಾಕ್ಸಿಗೆ ಹಾರಿದಳು.

“ಎಲ್ಲಿಗೆ ಅಕ್ಕಾ?”

“ಮೇಲಿನ ಬೀದಿ! ಓಡ್ಸು, ಓಡ್ಸಪ್ಪಾ, ಮನೇಲಿ ಸಾಯ್ತಿದಾರೆ!”

ಓಡುವ ಕಾರಿನಲ್ಲಿ ಫೋನು ತೆರೆದಳು. ಗುಂಡಿ ತಡೆಯುವುದು ಅಳತೆಯ ಕಣ್ಣುಗಳನ್ನು ಮಾತ್ರ, ಫೋನಿನಿಂದ ತಾನೇ ಸೈರನ್ನು ಕೂಗಿಸಬಹುದು ಎಂಬುದು ಆಗ ನೆನಪಾಯಿತು. ಇಲ್ಲಿಂದಲೇ ಸೈರನ್ನು ಚಾಲೂ ಮಾಡಿದಳು. ಕೂಗುತ್ತಿದೆ ಅಂತ ಪರದೆ ಹೇಳಿತು. ಹತ್ತು ಎಣಿಸುವುದರೊಳಗೆ ನಿಂತುಹೋಯಿತು. ಹಳದಿ ಗುಂಡಿ ಒತ್ತಲಾಗಿದೆ, ಒಂಬತ್ತೂ ನಲವತ್ತೊಂದು.

“ಅಯ್ಯೋ ಅಪಾ, ಒತ್ತಬೇಡಿ!” ಎಂದು ಕಾರೊಳಗೆ ಚೀರಿದಳು. ಡ್ರೈವರ್ ಬೆಚ್ಚಿ ತಿರುಗಿ ನೋಡಿದ. ಡಬ್ಬಿಗೆ ಹುಚ್ಚು ಹಿಡಿದಿದೆ, ಮಗು ಏಳುತ್ತದೆ ಅಂತ ಅಲ್ಲಿ ಮುದುಕಿ ಒತ್ತಿರಬೇಕು. ಮತ್ತೆ ಚಾಲೂ ಮಾಡಿದಳು. ಈ ಸಲ ಇಪ್ಪತ್ತು ಎಣಿಸುವಷ್ಟು ಹೊತ್ತು. ಮತ್ತೆ ಒತ್ತಲಾಗಿದೆ. ಸಿಟ್ಟೂ ಸಂತೋಷವೂ ಒಟ್ಟಿಗೇ ನುಗ್ಗಿಬಂದವು. ಒತ್ತುತ್ತಿದ್ದಾಳೆ ಅಂದರೆ ಬದುಕಿದ್ದಾಳೆ! ಮೂರನೇ ಸಲ ಚಾಲೂ ಮಾಡಿದಳು. ಹತ್ತು ಎಣಿಸಿದಳು, ಇಪ್ಪತ್ತು, ಐವತ್ತು, ನೂರು. ಸೈರನ್ನು ಕೂಗುತ್ತಲೇ ಇತ್ತು. ಯಾರೂ ಗುಂಡಿ ಒತ್ತಲಿಲ್ಲ.

ಬುರುಲ್ಚಾ ಪರದೆಯ ಮೇಲೆ ಬಗ್ಗಿದಳು. “ಒತ್ತಿ ಅಪಾ” ಎಂದಳು, ಪಿಸುಮಾತಿನಲ್ಲಿ. “ಒಂದೇ ಒಂದ್ಸಲ ಒತ್ತಿ.”

ಬೀದಿಯ ತಿರುವಿನಲ್ಲೇ ಸೈರನ್ನು ಕೇಳಿಸಿತು. ಅಕ್ಕಪಕ್ಕದ ಒಂದು ಬಾಗಿಲೂ ತೆರೆದಿರಲಿಲ್ಲ. ಸೋನುನ್ ಗೋಡೆಯ ಮೇಲಿಂದ, “ಇವತ್ತೇನ್ ಇಡೀ ಕಾಡೇ ಸುಡ್ತಿದೀರೇನೇ? ಕಿವಿ...” ಎಂದವಳು ಬುರುಲ್ಚಾಳ ಮುಖ ನೋಡಿ ಮಾತು ನುಂಗಿದಳು. ಹಾಲಿನ ಬಕೆಟ್ಟು ಬಿಸುಟು, ಆ ಮೈಯಲ್ಲಿ ಹೇಗೆ ಹಾರಿದಳೋ, ಗೋಡೆ ಹಾರಿ ಬಂದಳು.

ಬಾಗಿಲು ದೂಡಿದರೆ ಏನೋ ಅಡ್ಡ. ಕಾಲಿಪಾ ಹಳದಿ ಗುಂಡಿಯ ಕೆಳಗೆ ಬಿದ್ದಿದ್ದಳು. ಕೈ ಇನ್ನೂ ಗೋಡೆಗೆ ಒರಗಿತ್ತು. ಸೋನುನ್ ಅವಳ ಕಂಕುಳಿಗೆ ಕೈ ಹಾಕಿ ಹೊರಗೆಳೆದಳು. ಒಳಗೆ ಮಿರ್‌ಗುಲ್ ನೆಲದ ಮೇಲೆ ತೆವಳುತ್ತಿದ್ದಳು. ಒಂದು ತೋಳಿನಲ್ಲಿ ಕೂಸು, ಇನ್ನೊಂದು ನೆಲಕ್ಕೆ ಊರಿತ್ತು. “ಅಮ್ಮಾ... ಆ ಕೂಗು ಎಬ್ಬಿಸ್ತು... ಕಾಲು ನಿಲ್ತಾನೇ ಇಲ್ಲ” ಎಂದಳು. ಬುರುಲ್ಚಾ ಕೂಸನ್ನು ಕಿತ್ತುಕೊಂಡು ಕೋಟಿನೊಳಗೆ ತುರುಕಿ ಹೊರಗೋಡಿದಳು. ಡ್ರೈವರ್ ಮಿರ್‌ಗುಲ್‌ಳನ್ನು ಹೊತ್ತು ತಂದ.

ಹಿಮದಲ್ಲಿ ಮಂಡಿಯೂರಿ ಬುರುಲ್ಚಾ ಕೂಸಿನ ಮುಖ ನೋಡಿದಳು. ಅಳುತ್ತಿಲ್ಲ. ಇಷ್ಟು ದಿನ ಆ ಸೈರನ್ನಿಗೆ ಬೆಚ್ಚಿ ಬೀಳುತ್ತಿದ್ದ ಕೂಸು, ಅದು ತಲೆಯ ಮೇಲೇ ಅರಚುತ್ತಿದ್ದರೂ ಕಣ್ಣು ಬಿಡುತ್ತಿಲ್ಲ! ಪಾದಕ್ಕೆ ಬಡಿದಳು, ಕೆನ್ನೆ ತಟ್ಟಿದಳು, ಉಸಿರು ಊದಿದಳು, ಮತ್ತೆ ಪಾದಕ್ಕೆ ಬಡಿದಳು. ಆಗ ಕೂಸು ಮುಖ ಸಿಂಡರಿಸಿ, ಒಮ್ಮೆ ಬಿಕ್ಕಿ, ಗಂಟಲು ಹರಿಯುವಂತೆ ಅತ್ತಿತು. ಸೋನುನ್ ಹಿಮದ ಮೇಲೆ ಕುಸಿದು ಕೂತು ತಾನೂ ಅತ್ತಳು.

ಮೂವರೂ ಉಳಿದರು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ, “ಕೆಂಡ ಜೀವಂತ ಇರೋವಾಗ ತಗಡು ಎಳೆದೋರು ಯಾರು?” ಎಂದು ಗದರಿಸಿ ಕೇಳಿದಳು. ಬುರುಲ್ಚಾ ಬಾಯಿ ತೆರೆಯುವುದರೊಳಗೆ ಕಾಲಿಪಾ ಮುಖದ ಮೇಲಿದ್ದ ಆಮ್ಲಜನಕದ ಮುಖವಾಡ ಸರಿಸಿ, “ನಾನು. ವಯಸ್ಸಾಯ್ತಲ್ಲ ಮಗಳೇ, ಮರೆವು” ಎಂದುಬಿಟ್ಟಳು.

ಬುರುಲ್ಚಾ ದಂಗಾದಳು. ಆದರೂ ಈ ಕತೆ ಹೇಳುವ ನಾನು ಅವಳ ಪರ ವಹಿಸಿ ಮುಚ್ಚಿಡುವವನಲ್ಲ. ಅವಳು ಸುಮ್ಮನಿದ್ದಳು. ಆ ದಿನ ಸುಮ್ಮನಿದ್ದಳು, ಮರುದಿನವೂ ಸುಮ್ಮನಿದ್ದಳು. ನಾಲ್ಕು ದಿನ ಆ ಸುಳ್ಳಿನ ನೆರಳಲ್ಲೇ ಕೂತು ಅತ್ತೆಗೆ ಸೂಪು ಕುಡಿಸಿದಳು.

ಐದನೇ ದಿನ ಎಲ್ಲರೂ ಮನೆಗೆ ಬಂದಿದ್ದರು. ಎರ್ಮೆಕ್ ಕೂಡ ಲಾರಿ ಬಿಟ್ಟು ಬಂದಿದ್ದ. ಊಟದ ಬಟ್ಟೆಯ ಸುತ್ತ ಕೂತಾಗ ಅವನು ರೊಟ್ಟಿ ಮುರಿಯಲಿಲ್ಲ. “ಅಜ್ಜೀ, ಇನ್ಮೇಲೆ ನೀನು ಒಲೆ ಹತ್ರ ಸುಳೀಬೇಡ” ಎಂದ. “ಮಗೂನೂ ಒಬ್ಳೇ ಎತ್ಕೋಬೇಡ. ಹೇಳಿದೀನಿ.”

ಆ ಮನೆಯ ಮೂರು ತಲೆಮಾರನ್ನು ತೊಡೆಯ ಮೇಲೆ ಆಡಿಸಿದ ಮುದುಕಿ ತಲೆ ತಗ್ಗಿಸಿ, “ಆಯ್ತಪ್ಪ” ಎಂದು ರೊಟ್ಟಿಯನ್ನು ಚೂರು ಚೂರು ಮಾಡತೊಡಗಿದಳು.

ಬುರುಲ್ಚಾಳಿಗೆ ತಡೆಯಲಾಗಲಿಲ್ಲ. ಚಹಾ ಬಟ್ಟಲು ಕೆಳಗಿಟ್ಟಳು. “ತಗಡು ಎಳೆದದ್ದು ನಾನು.”

ಎರ್ಮೆಕ್ ತಾಯಿಯನ್ನೇ ನೋಡಿದ.

“ನೀಲಿ ಆಡ್ತಿತ್ತು. ಕಣ್ಣಾರೆ ನೋಡಿದೆ. ನೋಡಿನೂ ಎಳೆದು ಹೋದೆ. ಆ ಗುಂಡಿ ಮಾಡಿದ್ದೂ ನಾನೇ. ಅಪಾ ನನ್ನ ತಪ್ಪು ತಮ್ಮ ತಲೆ ಮೇಲೆ ಹಾಕ್ಕೊಂಡ್ರು, ನಾನು ನಾಲ್ಕು ದಿನ ಬಾಯಿ ಮುಚ್ಕೊಂಡು ಕೂತೆ. ಥೂ, ನನ್ನ ಜನ್ಮಕ್ಕಿಷ್ಟು!”

ಮಿರ್‌ಗುಲ್ ಕೂಸನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಳು. ಕಾಲಿಪಾ ತಲೆಯೆತ್ತಿದಳು.

“ನಂಗೇನು ಸುಮ್ ಸುಮ್ನೆ ನಿನ್ನ ತಪ್ಪು ಹೊರೋ ಚಪಲಾನಾ? ನಂದಿತ್ತು, ಹೊತ್ತೆ. ನಾನು ಎಚ್ಚರ ಇದ್ದೆ ಕಣೇ ಬುರುಲ್ಚಾ. ತಗಡು ಕಿರ್ ಅಂದದ್ದು ಕೇಳಿಸ್ತು. ಇಷ್ಟು ಬೇಗ ಎಳೆದ್ಳಲ್ಲ, ಎದ್ದು ಒಲೆ ನೋಡೋಣ ಅಂತ ಒಂದು ಕಾಲು ಕೆಳಗೂ ಇಟ್ಟೆ. ಆಮೇಲೆ, ಸೊಸೆ ಡಬ್ಬಿ ಇದೆಯಲ್ಲ, ನಂಗ್ಯಾಕೆ ಈ ಚಳೀಲಿ ಅಂತ ಮತ್ತೆ ಮಲಗ್ದೆ. ಅರವತ್ತು ವರ್ಷದಲ್ಲಿ ಅದೊಂದೇ ದಿನ.”

ಬುರುಲ್ಚಾ ಎದ್ದು ಹೋಗಿ ಸ್ಕ್ರೂಡ್ರೈವರ್ ತಂದಳು. ಎಲ್ಲರೂ ನೋಡುತ್ತಿರುವಂತೆ ಹಳದಿ ಗುಂಡಿಯನ್ನು ಗೋಡೆಯಿಂದ ಬಿಚ್ಚಿದಳು. ಎರ್ಮೆಕ್ ಅಜ್ಜಿಯ ಕೈಯಿಂದ ಆ ರೊಟ್ಟಿಯ ಚೂರುಗಳನ್ನು ತೆಗೆದುಕೊಂಡು ತಿಂದ.

ಕೂಸಿಗೆ ನಲವತ್ತು ತುಂಬಿದ ದಿನ ಕಾಲಿಪಾ ಮತ್ತೆ ಸೌಟಿಗೆ ಅರ್ಚಾ ಹಾಕಿದಳು. ಅದಕ್ಕೆ ಮೊದಲು ಒಲೆಯ ಬಾಯಿ ತೆರೆದು ತಾನೇ ಬಗ್ಗಿ ನೋಡಿದಳು, ಬುರುಲ್ಚಾಳನ್ನೂ ಕರೆದು ತೋರಿಸಿದಳು. ಹೊಗೆ ಎದ್ದಿತು, ಸೈರನ್ನು ಅರಚಿತು. ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಎಲ್ಲರೂ ಅಂಗಳಕ್ಕೆ ಬಂದು ನಿಂತರು. ಅಷ್ಟರಲ್ಲಿ ಸೋನುನ್ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು, ಕೈಯಲ್ಲಿ ಕೊಡಲಿ ಹಿಡಿದು, ಏದುಸಿರು ಬಿಡುತ್ತ ಗೋಡೆ ಹಾರಿ ಬಂದಳು.

“ಧೂಪ ಕಣೇ, ಬರೀ ಧೂಪ” ಎಂದಳು ಕಾಲಿಪಾ.

ಸೋನುನ್ ನಗಲಿಲ್ಲ. ಕೊಡಲಿ ಕೆಳಗಿಟ್ಟು, ಒಬ್ಬೊಬ್ಬರನ್ನೇ ಬೆರಳು ಮಾಡಿ ಎಣಿಸಿದಳು.