ವರ್ಲಾ ಮೊದಲು ನೀರು ತೂಗುತ್ತಾಳೆ

ವರ್ಲಾ ಹೆಗ್‌ಸ್ಟಾಡ್ ಹತ್ತಿರ ಮದ್ದಿನ ಅಳತೆ ಕೇಳಿ ಪಡೆಯುವುದಕ್ಕಿಂತ ಕಲ್ಲು ಹಿಂಡಿ ಎಣ್ಣೆ ತೆಗೆಯುವುದು ಸುಲಭ ಎಂದು ನಮ್ಮ ಕಣಿವೆಯವರು ಆಡಿಕೊಳ್ಳುತ್ತಾರೆ. ಮೊಂಟಾನಾದ ಈ ಮೂಲೆಯಲ್ಲಿ ಬೇಟೆಗೆ ಹೋಗುವವರಲ್ಲಿ ಬಹಳ ಜನ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತಾರೆ. ಹಿತ್ತಾಳೆ ಚಿಪ್ಪಿನ ಬುಡಕ್ಕೆ ಕಿಡಿ ಕೊಡುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಸುರಿದು, ಬಾಯಿಗೆ ಗುಂಡು ಒತ್ತಿದರೆ ಮುಗಿಯಿತು. ಎಷ್ಟು ಮದ್ದು ಎನ್ನುವುದಷ್ಟೇ ಪ್ರಶ್ನೆ. ಕೆಫೆಯಲ್ಲಿ ಕಾಫಿ ಹೀರುತ್ತಾ ಎಲ್ಲರೂ ಆ ಅಂಕಿಗಳನ್ನು ಧಾರಾಳವಾಗಿ ಹಂಚುತ್ತಾರೆ. ವರ್ಲಾ ಮಾತ್ರ ಬಾಯಿ ಬಿಡುವುದಿಲ್ಲ. ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ, "ನನ್ನ ಕೋವಿ ನಂಗೊತ್ತು. ನಿನ್ನ ಕೋವಿ ಪರಿಚಯ ಇಲ್ಲ."

ಜಂಬದವಳು ಎಂದು ಅಂದುಕೊಂಡವರುಂಟು. ಅವರು ಅವಳ ಬಸ್ಸು ಹತ್ತಿದವರಲ್ಲ. ತಲೆಗೂದಲು ಪೂರ್ತಿ ನೆರೆಯುವವರೆಗೆ ಅವಳು ಶಾಲೆಯ ಬಸ್ಸು ಓಡಿಸಿದಳು. ಚಳಿಗಾಲದಲ್ಲಿ ಸೇತುವೆ ಬಂದರೆ ಸಾಕು, ಎದುರಿನಿಂದ ಬಂದ ಲಾರಿಯವನು ದಾರಿ ಸರಿಯಿದೆ ಎಂದು ಕೈಯಾಡಿಸಿದರೂ ಕೆಳಗಿಳಿದು ಬೂಟುಗಾಲಲ್ಲಿ ಮಂಜುಗಡ್ಡೆ ಮೆಟ್ಟಿ ನೋಡಿಯೇ ಮುಂದೆ ಹೋಗುವಳು. ಮಕ್ಕಳು ಕಿಟಕಿಗೆ ಮೂಗು ಒತ್ತಿ ನಗುತ್ತಿದ್ದರು. ಆ ಮಕ್ಕಳಿಗೆಲ್ಲ ಈಗ ಮೀಸೆ ಬಂದಿದೆ, ಬೋಳುತಲೆಯೂ ಬಂದಿದೆ. ಯಾರೂ ಹೊಳೆಗೆ ಬೀಳಲಿಲ್ಲವಲ್ಲ, ನನಗಂತೂ ಅಷ್ಟೇ ಸಾಕು.

ಆ ವರ್ಷ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯ ಕಾಲ ಮುಗಿಯಲು ಸ್ವಲ್ಪವೇ ದಿನ ಉಳಿದಿದ್ದಾಗ ಡೇಲ್ ಕಿಟಲ್‌ಸನ್ ಅವಳ ಶೆಡ್ಡಿಗೆ ಬಂದ. ಕುದುರೆಗಳಿಗೆ ಲಾಳ ಹೊಡೆಯುವ ಡೇಲ್‌ಗೆ ತಾಳ್ಮೆ ಎಂಬುದು ಕುದುರೆಗಳ ಜೊತೆ ಖರ್ಚಾಗಿ ಮನುಷ್ಯರಿಗೆ ಉಳಿಯುತ್ತಿರಲಿಲ್ಲ. ಹೆಗಲ ಮೇಲೆ ಅಣ್ಣ ಓರ್ವಿಲ್‌ನ ಕೋವಿ ಇತ್ತು. ಓರ್ವಿಲ್‌ನ ಶ್ವಾಸಕೋಶ ಕೈಕೊಟ್ಟಿತ್ತು. ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡು ತಮ್ಮನ ಮನೆಯ ಒಲೆಯ ಪಕ್ಕ ಕೂತಿರುತ್ತಿದ್ದ. ಮುಂದಿನ ಬೇಟೆಯ ಕಾಲವನ್ನು ಅವನು ನೋಡುವುದಿಲ್ಲ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತನ್ನ ಕೋವಿಯಿಂದ ತಮ್ಮ ಒಂದು ಎಲ್ಕ್ ಹೊಡೆದು, ಅದರ ಲಿವರನ್ನು ಈರುಳ್ಳಿ ಜೊತೆ ಹುರಿದು ಕೊಡಬೇಕು ಎನ್ನುವುದೊಂದೇ ಅವನ ಆಸೆ.

ಕೋವಿಯೇನೋ ಚೆಲುವೆ, ತೊಂದರೆ ಇದ್ದದ್ದು ತೋಟಾದಲ್ಲಿ. ಅದು ಯಾವ ಕಾರ್ಖಾನೆಯಲ್ಲೂ ತಯಾರಾಗುವಂಥದ್ದಲ್ಲ. ಈಗ ತೀರಿಹೋಗಿರುವ ಒಬ್ಬ ಬಂದೂಕು ಕೆಲಸಗಾರ ತನ್ನ ತಲೆಗೆ ಹೊಳೆದ ಹಾಗೆ ಚಿಪ್ಪಿನ ಕತ್ತಿನ ಕೆಳಗಿನ ಭುಜ ತಿದ್ದಿ, ಅದು ಕೂರುವಂಥ ಗೂಡನ್ನು ನಳಿಗೆಯ ಬುಡದಲ್ಲಿ ಕೊರೆದು ಕೊಟ್ಟಿದ್ದ. ಇಂಥವನ್ನು ಇಲ್ಲಿ ಕಾಡುಬೆಕ್ಕು ಎನ್ನುತ್ತಾರೆ. ಸಾಕಿದವನಿಗಷ್ಟೇ ಅದರ ಗುಣ ಗೊತ್ತು, ಪುಸ್ತಕಗಳಲ್ಲಿ ಅದರ ಲೆಕ್ಕ ಸಿಗುವುದಿಲ್ಲ. ಆದರೆ ಸಾಕಿದವನೇ ಒಲೆಯ ಪಕ್ಕ ಕೂತು ಅಂಕಿ ಹೇಳಿದ್ದಾನಲ್ಲ ಎಂದು ಡೇಲ್ ನಿಶ್ಚಿಂತೆಯಿಂದಿದ್ದ. ಒಂದು ಡಬ್ಬಿ ತೋಟಾ ಆಗಲೇ ತುಂಬಿಸಿಯೂ ಆಗಿತ್ತು. ಕೋವಿಯ ಮೇಲಿನ ದೂರದರ್ಶಕ ಸರಿಹೊಂದಿಸಲು ವರ್ಲಾಳ ಹಿತ್ತಲಿನ ಗುರಿಹಲಗೆ ಬೇಕಿತ್ತು, ಅಷ್ಟೆ.

ವರ್ಲಾ ಡಬ್ಬಿಯ ಮೇಲೆ ಕೈಯಿಟ್ಟು, ಒಂದು ಖಾಲಿ ಚಿಪ್ಪು ಕೊಡು ಎಂದಳು. ಅಣ್ಣನೇ ಹೇಳಿದ್ದಾನೆ, ಸುಮ್ಮನೆ ತಡ ಮಾಡಬೇಡ ಎಂದು ಡೇಲ್ ಗೊಣಗಿದ.

"ಓರ್ವಿಲ್ ಸುಳ್ಳು ಹೇಳ್ತಾನೆ ಅಂದ್ನಾ ನಾನು? ಚಿಪ್ಪು ಕೊಡು. ಮೊದಲು ನೀರು, ಆಮೇಲೆ ಮದ್ದು."

ಇದು ಅವಳ ಕ್ರಮ. ಈ ಕೋವಿಯಲ್ಲೇ ಹಾರಿಸಿ ಖಾಲಿಯಾದ ಚಿಪ್ಪಿಗೆ ಅಂಚಿನವರೆಗೆ ನೀರು ತುಂಬಿ, ಉಬ್ಬಿದ ಹನಿಯನ್ನು ಕಾಗದದ ಮೂಲೆಯಿಂದ ಹೀರಿ ತೆಗೆದು, ತಕ್ಕಡಿಗಿಟ್ಟು ತೂಗುತ್ತಾಳೆ. ಚಿಪ್ಪಿನ ಹೊಟ್ಟೆ ಎಷ್ಟು ಎನ್ನುವುದು ನೀರಿನಿಂದ ತಿಳಿಯುತ್ತದೆ. ಅಂದು ಅವಳು ಇನ್ನೊಂದು ಕೆಲಸವನ್ನೂ ಮಾಡಿದಳು. ಕಿಟಕಿಯ ಕಟ್ಟೆ ಮೇಲೆ ಹಿಂದೊಮ್ಮೆ ಓರ್ವಿಲ್ ಕೊಟ್ಟ ಚಿಪ್ಪೊಂದಿತ್ತು. ಕೋವಿ ಹೊಸದಾಗಿದ್ದಾಗ ಜಂಬ ಕೊಚ್ಚಿಕೊಳ್ಳುತ್ತಾ, ಹಾರಿಸಿದ ಚಿಪ್ಪನ್ನು ಊರಿಗೆಲ್ಲ ಒಂದೊಂದು ಹಂಚಿದ್ದ. ಧೂಳು ಒರೆಸಿ ಅದಕ್ಕೂ ನೀರು ತುಂಬಿ ತೂಗಿದಳು.

ನೋಡಲು ಎರಡೂ ಅವಳಿಜವಳಿ, ನೀರು ಮಾತ್ರ ಬೇರೆ. ಡೇಲ್ ಕೊಟ್ಟ ಚಿಪ್ಪು ಸ್ಪಷ್ಟವಾಗಿ ಕಡಿಮೆ ಹಿಡಿಯುತ್ತಿತ್ತು. ವರ್ಲಾ ಮೂರು ಸಲ ಒರೆಸಿ ಮೂರು ಸಲ ತೂಗಿದಳು. ನಂತರ ಕೋವಿಯನ್ನು ಬೆಳಕಿಗೆ ಹಿಡಿದು ಬುಡ ನೋಡಿದಳು. ನಳಿಗೆ ಸವೆದ ಮೇಲೆ ಯಾವಾಗಲೋ ಹಿಂಬದಿ ಕತ್ತರಿಸಿ, ಮತ್ತೆ ಒಳಕ್ಕೆ ತಿರುಗಿಸಿ ಕೂರಿಸಿ, ಹೊಸ ಗೂಡು ಕೊರೆಸಿದ ಗುರುತು ಅಲ್ಲಿತ್ತು. ಹೊಸ ಗೂಡು ಹಳೆಯದಕ್ಕಿಂತ ಚಿಕ್ಕದು. ನಳಿಗೆಯ ಮೇಲೆ ಕೊರೆದ ಹೆಸರು ಮಾತ್ರ ಹಳೆಯದೇ. ಓರ್ವಿಲ್‌ನ ನೆನಪಿನಲ್ಲಿ ಉಳಿದ ಅಂಕಿಯೂ ಹಳೆಯದೇ.

ಅವಳು ಕುರ್ಚಿಯಲ್ಲಿ ಕೂತಳು. ಚಿಕ್ಕ ಹೊಟ್ಟೆಗೆ ದೊಡ್ಡ ಹೊಟ್ಟೆಯ ಮದ್ದು ತುಂಬಿ ಹಾರಿಸಿದರೆ ಕೋವಿಯ ಬುಡವೇ ಸಿಡಿಯಬಹುದು, ಆಗ ಆ ಬುಡ ಮುಚ್ಚುವ ಬೋಲ್ಟು ಯಾರ ಮುಖದ ಪಕ್ಕ ಇರುತ್ತದೆ ಎಂದು ಡೇಲ್‌ಗೆ ವಿವರಿಸಬೇಕಾಗಲಿಲ್ಲ. ಅವನ ಬಣ್ಣವೇ ಇಳಿದುಹೋಗಿತ್ತು. ಆ ಮಧ್ಯಾಹ್ನ ಅವನು ಒಂದು ಮಾತೂ ಗೊಣಗದೆ, ತುಂಬಿದ ತೋಟಾಗಳ ಗುಂಡನ್ನೆಲ್ಲ ಒಂದೊಂದಾಗಿ ಕುಟ್ಟಿ ಕಿತ್ತು, ಮದ್ದು ಹೊರಗೆ ಸುರಿದ.

ಮುಂದಿನದು ನಿಧಾನದ ಕೆಲಸ. ಅದೇ ಗುಂಡು ಹಾರಿಸುವ, ಹೊಟ್ಟೆ ಇದಕ್ಕಿಂತ ಕೊಂಚ ಚಿಕ್ಕದಾದ ಒಂದು ತೋಟಾವನ್ನು ವರ್ಲಾ ಪುಸ್ತಕಗಳಲ್ಲಿ ಹುಡುಕಿದಳು. ಒಂದು ಪುಸ್ತಕವನ್ನು ನಂಬದೆ ಇನ್ನೊಂದನ್ನು ತೆರೆದಳು. ಮದ್ದು ಮಾಡುವವರಿಗೆ ಫೋನು ಹಚ್ಚಿ ನೀರಿನ ತೂಕ ಹೇಳಿ, ಎಲ್ಲಿಂದ ಶುರು ಮಾಡಬೇಕು, ಎಲ್ಲಿಗಿಂತ ಕೆಳಗೆ ಇಳಿಯಬಾರದು ಎಂದು ಕೇಳಿದಳು. ತೀರಾ ಕಡಿಮೆಯೂ ಕೆಲವು ಮದ್ದಿಗೆ ಆಗಿಬರುವುದಿಲ್ಲ. ಕೆಳಗಿನ ಮೆಟ್ಟಿಲಿನಿಂದ ಹೊರಟು ಒಂದೊಂದೇ ಹಾರಿಸಿ, ಗುಂಡಿನ ವೇಗ ಅಳೆಯುವ ಯಂತ್ರ ನೋಡಿ, ಬೋಲ್ಟು ಹಗುರಾಗಿ ಏಳುತ್ತದೆಯೇ, ಕೇಪು ಚಪ್ಪಟೆಯಾಗಿದೆಯೇ ಎಂದು ಪರೀಕ್ಷಿಸಿದಳು. ಬೋಲ್ಟು ಬಿಗಿಯುವಷ್ಟರಲ್ಲಿ ತಡವಾಗಿರುತ್ತದೆ, ವೇಗವೇ ಮೊದಲು ಗುಟ್ಟು ಬಿಡುತ್ತದೆ ಎನ್ನುವುದು ಅವಳ ನಂಬಿಕೆ. ಪುಸ್ತಕ ಆ ಚಿಕ್ಕ ತೋಟಾಕ್ಕೆ ಹೇಳಿದ ವೇಗ ಬಂದ ಕೂಡಲೇ ನಿಲ್ಲಿಸಿಬಿಟ್ಟಳು.

ಡೇಲ್‌ಗೆ ಮತ್ತೆ ಬಾಯಿ ಬಂತು. ಅಣ್ಣ ಇದಕ್ಕಿಂತ ಎಷ್ಟೋ ಜೋರು ಹಾರಿಸುತ್ತಿದ್ದ, ಇನ್ನು ಒಂದು ಚಿಟಿಕೆ ಹಾಕಿದರೆ ಗಂಟೇನು ಹೋಗುತ್ತೆ ಎಂದ.

"ನಿನ್ನ ಗುಂಡು ಎಷ್ಟು ಜೋರಾಗಿ ಬಂತು ಅಂತ ಎಲ್ಕ್ ಕೇಳಲ್ಲ ಡೇಲ್. ಇನ್ನೂರು ಹೆಜ್ಜೆ ಹತ್ರ ಹೋಗು. ಕಾಲಿದೆಯಲ್ಲ?"

ಹೋದ. ಬೇಟೆಯ ಕಾಲದ ಕೊನೆಯ ಭಾನುವಾರ, ಮಂಜಿನಲ್ಲಿ ಹೊಟ್ಟೆಯ ಮೇಲೆ ತೆವಳಿ ಹತ್ತಿರ ಹೋಗಿ, ಒಂದೇ ಗುಂಡಿಗೆ ಕೆಡವಿದ.

ಆ ಸಂಜೆ ವರ್ಲಾಳೇ ಬಾಣಲೆಯ ಮುಂದೆ ನಿಂತಿದ್ದಳು. ಓರ್ವಿಲ್ ಮೊದಲ ತುಂಡನ್ನು ಕಣ್ಣುಮುಚ್ಚಿ ತಿಂದ. ಎರಡನೆಯದನ್ನು ಚುಚ್ಚುತ್ತಾ, ನನ್ನ ಅಂಕಿ ಹೇಗಿತ್ತು ಎಂದು ಕೇಳಿದ. ಡೇಲ್ ತಡಬಡಾಯಿಸಿ, ಸರಿಯಾಗೇ ಇತ್ತು ಅಂದ.

ವರ್ಲಾಳಿಗೂ ಹಾಗೆಯೇ ಅನ್ನಬೇಕು ಅನ್ನಿಸಿತು. ಸಾಯುವವನ ತಟ್ಟೆಯ ಮುಂದೆ ಯಾರಿಗೆ ತಾನೆ ಅನ್ನಿಸುವುದಿಲ್ಲ. ಆದರೆ ಓರ್ವಿಲ್‌ಗೆ ದಿನಕ್ಕೊಬ್ಬ ಹಳೆಯ ಗೆಳೆಯ ಫೋನು ಮಾಡುತ್ತಿದ್ದ. ಹಳೆಯ ಗೂಡಿನ ಅಂಕಿಯನ್ನು ಅವನು ಎಲ್ಲರಿಗೂ ಹೆಮ್ಮೆಯಿಂದ ಹೇಳುತ್ತಿದ್ದ. ಆ ಕೆಲಸಗಾರ ಇದೇ ಹೆಸರಿನ ಕೋವಿಗಳನ್ನು ಇನ್ನೂ ಕೆಲವರಿಗೆ ಮಾಡಿಕೊಟ್ಟಿದ್ದ, ಅವುಗಳ ಗೂಡು ಈಗ ಎಷ್ಟಿದೆಯೋ ಯಾರಿಗೆ ಗೊತ್ತು.

"ಇಲ್ಲ ಓರ್ವಿಲ್," ಎಂದಳು. "ಅದು ಹಳೇ ಗೂಡಿನ ಅಂಕಿ. ನೀನು ಮತ್ತೆ ಕೊರೆಸಿದ್ದೆ, ಮರೆತಿದ್ದೀಯ. ಇವನು ಅದನ್ನೇ ತುಂಬಿಸಿಕೊಂಡು ಬಂದಿದ್ದ."

ಓರ್ವಿಲ್ ಫೋರ್ಕು ಕೆಳಗಿಟ್ಟ. "ನಳಿಗೆ ಮೇಲಿನ ಹೆಸರು ಬದಲಾಯ್ಸೋಕೆ ಸೋಮಾರಿತನ," ಎಂದ. "ನಾನೊಬ್ನೇ ತಾನೆ ಹೊಡೆಯೋದು ಅಂದ್ಕೊಂಡೆ."

ಕಿಟಲ್‌ಸನ್ ಮನೆಯವರು ತಾಯಿಯನ್ನು ಮಣ್ಣು ಮಾಡಿದ ದಿನವೂ ಒಬ್ಬರನ್ನೊಬ್ಬರು ತಬ್ಬಿಕೊಂಡವರಲ್ಲ. ಓರ್ವಿಲ್ ಕೈ ಚಾಚಿ ತಮ್ಮನ ಬಲಗೆನ್ನೆ ಮುಟ್ಟಿದ, ಕೋವಿಯ ಹಿಡಿ ಒರಗುವ ಜಾಗವನ್ನು. ಅಲ್ಲಿಂದ ಹೆಬ್ಬೆರಳನ್ನು ಮೆಲ್ಲಗೆ ಮೇಲೆ ತಂದು ಕಣ್ಣಿನ ಸುತ್ತ ಸವರಿದ. ಕಣ್ಣು ಅಲ್ಲೇ ಇದೆ ಎಂದು ಖಾತ್ರಿಯಾಗುವವರೆಗೂ ಕೈ ತೆಗೆಯಲಿಲ್ಲ. ಡೇಲ್ ಅಲುಗಾಡದೆ ಕೂತಿದ್ದ.

"ಇನ್ಮೇಲೆ ಯಾರಾದ್ರೂ ಅಂಕಿ ಕೇಳಿ ಫೋನ್ ಮಾಡಿದ್ರೆ," ಎಂದ ಓರ್ವಿಲ್, "ವರ್ಲಾಗೆ ಕೊಡು."

ವರ್ಲಾ ತಣ್ಣಗಾಗಿದ್ದ ಅವನ ತಟ್ಟೆ ಎತ್ತಿಕೊಂಡು, ಬಿಸಿ ಮಾಡಲು ಒಲೆಯ ಹತ್ತಿರ ಹೋದಳು.